ಮೂರನೆಯ ಸಲ ಕೇಳಲಿಲ್ಲ

ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆರು ವರ್ಷ ಇತಿಹಾಸ ಕಲಿಸಿದವಳು ನಾನು. ಕ್ಯಾಲಿಫೋರ್ನಿಯಾದ ಎಮರಿವಿಲ್‌ನ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ನನ್ನ ಕೆಲಸವೆಂದರೆ ಗಂಡನಿಗೆ ಡಬ್ಬಿ ಕಟ್ಟುವುದು, ಬಾಗಿಲು ಹಾಕಿಕೊಳ್ಳುವುದು, ಅಷ್ಟೇ. ಹೆಂಡತಿಯಾಗಿ ಬಂದವಳ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಗಂಡ ಬೆಳಿಗ್ಗೆ ಆರಕ್ಕೆ ಫ್ರೀವೇ ಹಿಡಿದು ಸ್ಯಾನ್ ಹೊಸೆಗೆ ಹೋದರೆ ಬರುವಾಗ ಎಂಟು. ಅದು ಡಾಟ್‌ಕಾಮ್ ಕಾಲ. ಗ್ರೋಸರಿ ಅಂಗಡಿಯ ಸಾಲಿನಲ್ಲಿ ನಿಂತವರ ಬಾಯಲ್ಲೂ ಸ್ಟಾರ್ಟಪ್ಪು, ಷೇರು. ಇಡೀ ಊರು ಓಡುತ್ತಿತ್ತು, ನಾನೊಬ್ಬಳು ಮೈ ಪರಚಿಕೊಳ್ಳುತ್ತಾ ಕೂತಿದ್ದೆ.

ಕೆಳಗಿನ ಮನೆಯ ಮುದುಕರನ್ನು ಮೊದಲು ಕಂಡದ್ದು ಲಾಂಡ್ರಿ ಕೋಣೆಯಲ್ಲಿ. ಬಟ್ಟೆ ಮಡಚುವ ಮೇಜಿನ ಮೇಲೆ ಹಳದಿಗಟ್ಟಿದ ಕಾಗದ ಹರಡಿ, ಭೂತಗನ್ನಡಿ ಹಿಡಿದು, ಮೂಗು ತಾಗುವಷ್ಟು ಬಗ್ಗಿದ್ದರು. ಅಲ್ಲಿ ಬೆಳಕು ಚೆನ್ನಾಗಿದೆಯಂತೆ. ಸುಮ್ಮನಿರಲಾರದೆ ಯಾವ ಭಾಷೆ ಎಂದು ಕೇಳಿದೆ. "ನಾರ್ವೇಜಿಯನ್. ನಮ್ಮ ಅಜ್ಜಿಯ ಕಾಲದ ಪತ್ರ," ಅಂದರು. ನಾನೂ ಇತಿಹಾಸದ ಟೀಚರು ಎಂದೆ. "ಆಗಿದ್ದೆ" ಅನ್ನಬೇಕಿತ್ತು, ಅನ್ನಲಿಲ್ಲ. ಅವರು ನೆಟ್ಟಗೆ ನಿಂತು, ಅಬ್ಬಾ ಎಂಥ ಎತ್ತರ, ಸಹೋದ್ಯೋಗಿಗೆ ಕೊಡುವ ಹಾಗೆ ಕೈ ಕೊಟ್ಟರು. ಆ ದೇಶದಲ್ಲಿ ನನ್ನ ಕೆಲಸ ಕೇಳಿ ಕೈ ಕೊಟ್ಟವರು ಅವರೊಬ್ಬರೇ.

ಅವರು ನಿವೃತ್ತ ಪ್ರೊಫೆಸರು. ಅಜ್ಜ ನಾರ್ವೆಯ ಕಲ್ಲುಗುಡ್ಡದಲ್ಲಿದ್ದ ತುಂಡು ಹೊಲ ಬಿಟ್ಟು ಅಮೆರಿಕದ ಡಕೋಟಾದ ಬಯಲಿಗೆ ಬಂದವರು. ಮನೆಯಲ್ಲಿ ನಾರ್ವೇಜಿಯನ್ ಬಿಟ್ಟರೆ ಬೇರೆ ಮಾತಿರಲಿಲ್ಲ. ಶಾಲೆಗೆ ಸೇರಿದ ಮೊದಲ ದಿನ ಇವರು ಒಂದಕ್ಕೆ ಹೋಗಬೇಕೆಂದು ಇಂಗ್ಲಿಷಿನಲ್ಲಿ ಕೇಳಲು ಬಾರದೆ ಬೆಂಚಿನಲ್ಲೇ ಒದ್ದೆ ಮಾಡಿಕೊಂಡರಂತೆ. ಆಮೇಲೆ ಯುದ್ಧಕ್ಕೆ ಹೋಗಿ ಬಂದರು, ಸೈನಿಕರಿಗೆ ಸರ್ಕಾರ ಕೊಟ್ಟ ಸವಲತ್ತಿನಲ್ಲಿ ಓದಿದರು, ಡಾಕ್ಟರೇಟು ಮಾಡಿದರು. ಕೆಲಸ ಸಿಕ್ಕಿದ್ದು ಇಲ್ಲಿನ ಒಂದು ಸಣ್ಣ ಕಾಲೇಜಿನಲ್ಲಿ, ಹೆಸರು ಬೇಡ. ಮೂವತ್ತು ವರ್ಷ ಅಮೆರಿಕದ ಇತಿಹಾಸವನ್ನು ತೂಕಡಿಸುವ ಹುಡುಗರಿಗೆ ಹೇಳಿದರು. ಗೋಧಿ ಮತ್ತು ರೈಲಿನ ಮೇಲೆ ಒಂದು ಪುಸ್ತಕ ಬರೆದರು. "ಓದಿದವರು ಇಬ್ಬರು. ಪ್ರೂಫ್ ನೋಡಿದವನು, ನನ್ನ ಹೆಂಡತಿ. ಅವಳೂ ಅರ್ಧಕ್ಕೆ ಬಿಟ್ಟಳು," ಎಂದು ನಗುತ್ತಿದ್ದರು. ಆ ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ಇದ್ದದ್ದು ಹನ್ನೊಂದು ಪೆಟ್ಟಿಗೆ. ಪ್ರತಿ ಬೇಸಿಗೆ ರಜೆಯಲ್ಲಿ ಕಾರು ಹೊಡೆದುಕೊಂಡು ಡಕೋಟಾಕ್ಕೆ ಹೋಗಿ, ಹೊಲದ ಮನೆ ಮನೆ ತಿರುಗಿ, ಅಟ್ಟದ ಮೇಲಿಂದ ಇಳಿಸಿಕೊಂಡ ಪತ್ರಗಳು. ಬಯಲಿಗೆ ಬಂದು ಬಿದ್ದ ನಾರ್ವೆಯ ಹೆಂಗಸರು ಬರೆದದ್ದು, ಕಳಿಸದೆ ಉಳಿಸಿಕೊಂಡದ್ದು, ಊರಿನಿಂದ ವಾಪಸು ಬಂದದ್ದು. ಗಂಡಸರ ಹೊಲ, ಸಾಲ, ಓಟಿನ ಬಗ್ಗೆ ಬೇಕಾದಷ್ಟು ಬರೆದಾಗಿದೆ, ಇವರ ಬಗ್ಗೆ ಯಾರೂ ಬರೆದಿಲ್ಲ ಎಂಬುದು ಅವರ ಹಟ. ಎಲ್ಲ ಮೂಲ ಪ್ರತಿಗಳು, ನಕಲಿಲ್ಲ. ಪ್ರತಿ ಪತ್ರದ ಹಿಂದೆ ಪೆನ್ಸಿಲಿನಲ್ಲಿ ಇಂಗ್ಲಿಷ್ ಅನುವಾದ ಬರೆದಿಟ್ಟಿದ್ದರು. ಇನ್ನೇನು ಪುಸ್ತಕ ಬರೆಯಬೇಕು ಅನ್ನುವಷ್ಟರಲ್ಲಿ ಕಣ್ಣಿನ ನಡುವೆ ಮಂಜು ಕವಿಯಿತು. ಅಂಚಿನಲ್ಲಿ ಕಾಣುತ್ತಿತ್ತು, ನೇರ ನೋಡಿದ್ದು ಕಾಣುತ್ತಿರಲಿಲ್ಲ.

ಹಾಗಾಗಿ ನಾನು ಓದುವವಳು, ಟೈಪ್ ಮಾಡುವವಳು ಆದೆ. ಸಂಬಳವಿಲ್ಲದ ಕೆಲಸಕ್ಕೆ ವೀಸಾದ ತಕರಾರಿಲ್ಲ ನೋಡಿ. ಮಂಗಳವಾರ, ಗುರುವಾರ ಗಂಡನ ಹಳೇ ಲ್ಯಾಪ್‌ಟಾಪ್ ಹಿಡಿದು ಕೆಳಗಿಳಿಯುತ್ತಿದ್ದೆ. ಮೊದಲ ದಿನ ಅವಲಕ್ಕಿ ಒಯ್ದಿದ್ದೆ. ಬೇಡ ಅಂದರು. ಸ್ವಲ್ಪ ತಗೊಳ್ಳಿ ಅಂದೆ. ಇಲ್ಲ ಇಲ್ಲ, ಈಗಷ್ಟೇ ತಿಂದೆ ಅಂದರು. ನಮ್ಮೂರ ಕೈ, ಬಿಟ್ಟೀತೇ? ತಟ್ಟೆಗೆ ಹಾಕಿಯೇ ಬಿಟ್ಟೆ. ಒಂದು ಕಾಳು ಉಳಿಸದೆ ತಿಂದು ತುಟಿ ಒರೆಸಿಕೊಂಡು ಹೇಳಿದರು: "ನಮ್ಮಲ್ಲಿ ಮೊದಲ ಸಲಕ್ಕೇ ಹೂಂ ಅಂದರೆ ಅಮ್ಮ ಮೇಜಿನ ಕೆಳಗೆ ತೊಡೆ ಜಿಗುಟುತ್ತಿದ್ದಳು. ಮೂರನೆಯ ಸಲ ಕೇಳಿದಾಗಲೇ ಒಪ್ಪಬೇಕು. ಕ್ಯಾಲಿಫೋರ್ನಿಯಾಕ್ಕೆ ಬಂದ ಹೊಸದರಲ್ಲಿ ಉಪವಾಸ ಸತ್ತಿದ್ದೇನೆ, ಇಲ್ಲಿ ಯಾರೂ ಎರಡನೆಯ ಸಲ ಕೇಳುವುದಿಲ್ಲ." ನಾನು ನಕ್ಕು ನಕ್ಕು ಸುಸ್ತಾದೆ. ನಮ್ಮ ಧಾರವಾಡದ್ದೇ ಉಪಚಾರ!

ಒಂದೊಂದೇ ಪೆಟ್ಟಿಗೆಯನ್ನು ಕಾಲೇಜಿನಿಂದ ತರುವುದು, ಮುಗಿದ ಮೇಲೆ ವಾಪಸು ಅಲ್ಲಿಡುವುದು ಎಂದು ಗೊತ್ತುಮಾಡಿದ್ದರು. ನಿವೃತ್ತಿಯ ನಂತರವೂ ಅವರಿಗೊಂದು ಚಿಕ್ಕ ಕೋಣೆ ಬಿಟ್ಟುಕೊಟ್ಟಿದ್ದರು, ಉಳಿದವೆಲ್ಲ ಅಲ್ಲಿದ್ದವು. ಒಂದು ವರ್ಷದಲ್ಲಿ ಮುಗಿದು ವಾಪಸು ಹೋದದ್ದು ಒಂದೇ ಪೆಟ್ಟಿಗೆ, ಏಕೆಂದರೆ ಪ್ರತಿ ಪತ್ರಕ್ಕೂ ಒಂದು ಗಂಟೆ ಪಾಠ. ಎರಡನೆಯದು ಇನ್ನೂ ಬಂದಿರಲಿಲ್ಲ. ಆ ಮೊದಲನೆಯದರಲ್ಲಿ ಒಬ್ಬ ಹೆಂಗಸಿನ ಪತ್ರ ನನಗೆ ಬಹಳ ಹಿಡಿಸಿತ್ತು. ತಂಗಿಗೆ ಬರೆಯುತ್ತಿದ್ದಳು. ಕಿಟಕಿಯವರೆಗೆ ಹಿಮ, ಕೂಸಿಗೆ ಕೆಮ್ಮು, ವಾರವಾಯಿತು ಗಂಡನಲ್ಲದೆ ಬೇರೆ ಮುಖ ಕಂಡಿಲ್ಲ ಎಂದು ಅವಳು ಬರೆದದ್ದನ್ನು ಟೈಪ್ ಮಾಡುವುದು ಬಿಟ್ಟು ಮತ್ತೆ ಮತ್ತೆ ಓದಿದೆ. ಕೊನೆಗೆ ಇವಳು ಏನು ಬರೆದಳು ಎಂದು ಕೇಳಿದರೆ, "ಅವಳ ಕೊನೆಯ ಪತ್ರದಿಂದಲೇ ನನ್ನ ಪುಸ್ತಕ ಮುಗಿಯುತ್ತದೆ. ಹನ್ನೊಂದನೆಯ ಪೆಟ್ಟಿಗೆ. ಅವಸರ ಮಾಡಬೇಡ," ಎಂದು ಸತಾಯಿಸುತ್ತಿದ್ದರು.

ಆ ಬೇಸಿಗೆಯಲ್ಲಿ ಗಂಡನ ಮ್ಯಾನೇಜರು ಊಟಕ್ಕೆ ಬಂದ. ಹೋಳಿಗೆ ಬಡಿಸಿದೆ. ಎರಡು ತಿಂದು ಸಾಕು ಅಂದ. ಸಂಕೋಚ ಇರಬೇಕೆಂದು ಮೂರನೆಯದು ಹಾಕಿದೆ, ನಾಲ್ಕನೆಯದಕ್ಕೆ ಅವನು ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದ. ಅವನು ಹೋದದ್ದೇ ತಡ, ನಮ್ಮವರಿಗೆ ಪಿತ್ತ ನೆತ್ತಿಗೇರಿತು.

"ನಿನಗೆಷ್ಟ್ ಸಲ ಹೇಳ್ಬೇಕ? ಇಲ್ಲೆ ನೋ ಅಂದ್ರ ನೋ! ಮಂದಿ ಬ್ಯಾಡ ಅಂದಿದ್ದನ್ನ ಮ್ಯಾಲೆ ಬಿದ್ದು ಮಾಡಬಾರ್ದು. ನಾಳೆ ಆಫೀಸಿನ್ಯಾಗ ನನ್ನ ಮುಖಾ ಎಲ್ಲಿಡ್ಲಿ?"

"ಹೋಳಿಗಿ ಹಾಕಿದ್ದಕ್ಕ ಮುಖಾ ಹೋಗೋದಾದ್ರ ಅಂಥಾ ಮುಖಾ ಇಟ್ಕೊಂಡರ ಏನ್ ಮಾಡ್ತೀರಿ?" ಎಂದು ನಾನೂ ಬಿಡಲಿಲ್ಲ. ಆದರೆ ಚುಚ್ಚಿತು. ಇನ್ನು ಈ ದೇಶದಲ್ಲಿ ಬೇಡ ಅಂದವರಿಗೆ ಒತ್ತಾಯ ಮಾಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡೆ.

ಅದೇ ವಾರದ ಮಂಗಳವಾರ ಪ್ರೊಫೆಸರು ಒಂದು ಕಾಗದ ಕೊಟ್ಟು ಓದು ಅಂದರು. ಕಾಲೇಜಿನ ಪತ್ರ. ಅವರ ಕೋಣೆಯಿದ್ದ ಸಾಲಿನ ಕೋಣೆಗಳನ್ನೆಲ್ಲ ಸೇರಿಸಿ ಕಂಪ್ಯೂಟರ್ ಲ್ಯಾಬು ಮಾಡುತ್ತಾರೆ, ಶುಕ್ರವಾರದೊಳಗೆ ಖಾಲಿ ಮಾಡಬೇಕು, ಉಳಿದದ್ದನ್ನು ವಿಲೇವಾರಿ ಮಾಡಲಾಗುವುದು. ಹಿಂದೆ ಎರಡು ಇ-ಮೇಲು ಕಳಿಸಿದ್ದರಂತೆ. ಅವರು ಇ-ಮೇಲು ನೋಡಿದವರೇ ಅಲ್ಲ.

"ನಮ್ಮವರು ಶುಕ್ರವಾರ ರಜೆ ಹಾಕುತ್ತಾರೆ. ಕಾರಿನಲ್ಲಿ ಎರಡು ಸಲ ಹೋಗಿ ಬಂದರೆ ಮುಗಿಯಿತು. ಪೆಟ್ಟಿಗೆಗಳು ನಮ್ಮ ಮನೆಯಲ್ಲಿರಲಿ," ಅಂದೆ.

"ಬೇಡ ಬೇಡ. ಯಾಕೆ ತೊಂದರೆ."

"ತೊಂದರೆ ಏನಿಲ್ಲ."

"ನಿನ್ನ ಗಂಡನಿಗೆ ಕೆಲಸ ಬಹಳ. ನಾನೇ ನೋಡಿಕೊಳ್ಳುತ್ತೇನೆ."

ಇನ್ನೊಂದು ಮಾತು ನಾಲಗೆಯ ತುದಿಗೆ ಬಂದಿತ್ತು. ಹೋಳಿಗೆಯ ಸಿಟ್ಟು ಇನ್ನೂ ಆರಿರಲಿಲ್ಲ. ನುಂಗಿದೆ. "ಸರಿ ಹಾಗಾದರೆ," ಎಂದೆ. ಅವರು ಸ್ವಲ್ಪ ಹೊತ್ತು ನನ್ನ ಕಡೆಯೇ ಮುಖ ಮಾಡಿಕೊಂಡು ಕೂತಿದ್ದರು. ಆಮೇಲೆ ತಾವೂ ಸರಿ ಅಂದರು. ಎಂಥ ಬೆಪ್ಪು ನಾನು! ಇಡೀ ಕ್ಯಾಲಿಫೋರ್ನಿಯಾದಲ್ಲಿ ಆ ಮನುಷ್ಯನ "ಬೇಡ"ದ ಅರ್ಥ ಗೊತ್ತಿದ್ದವಳು ನಾನೊಬ್ಬಳು. ಅವರ ಹತ್ತಿರವೇ ಶಿಸ್ತು ತೋರಿಸಲು ಹೋದೆ.

ಗುರುವಾರ ಕೆಳಗಿಳಿದಾಗ ಬಾಗಿಲಿಗೆ ಚೀಟಿ, ಕಾಲೇಜಿಗೆ ಹೋಗಿದ್ದೇನೆ ಎಂದು. ಪೆಟ್ಟಿಗೆ ತರಲು ಹೋಗಿರಬೇಕು ಎಂದು ಸಮಾಧಾನವಾಯಿತು. ಶುಕ್ರವಾರವೂ ಬಾಗಿಲು ತೆರೆಯಲಿಲ್ಲ. ಊರಿಗೆ ಹೋಗಿರಬಹುದು ಎಂದು ಗಂಡ ಹೇಳಿದರು. ಸೋಮವಾರ ಅಪಾರ್ಟ್‌ಮೆಂಟು ನೋಡಿಕೊಳ್ಳುವ ಹೆಂಗಸು ಹೇಳಿದಾಗ ಗೊತ್ತಾಯಿತು: ಗುರುವಾರ ಕಾಲೇಜಿನಲ್ಲಿ ಒಂದು ಪೆಟ್ಟಿಗೆಯನ್ನು ತಾವೇ ಎತ್ತಿಕೊಂಡು ಮೆಟ್ಟಿಲಿಳಿಯುವಾಗ ಬಿದ್ದಿದ್ದರು. ಸೊಂಟದ ಮೂಳೆ ಮುರಿದು ಆಸ್ಪತ್ರೆಯಲ್ಲಿದ್ದರು, ಆಪರೇಷನ್ ಆಗಿತ್ತು.

ಬಸ್ಸು ಹಿಡಿದು ಮೊದಲು ಓಡಿದ್ದು ಆಸ್ಪತ್ರೆಗಲ್ಲ, ಕಾಲೇಜಿಗೆ. ಅದಕ್ಕೂ ನನಗೆ ನಾಚಿಕೆಯಿದೆ. ಕೋಣೆಯಲ್ಲಿ ಇಬ್ಬರು ಕೆಲಸಗಾರರು ನೆಲಕ್ಕೆ ಕೇಬಲ್ಲು ಹಾಸುತ್ತಿದ್ದರು. ಬೆಳಿಗ್ಗೆಯೇ ಎಲ್ಲ ತೆಗೆದಾಯಿತು ಅಂದರು. ಮೆಟ್ಟಿಲ ಮೇಲೆ ಬಿದ್ದಿದ್ದ ಪೆಟ್ಟಿಗೆಯನ್ನು ಯಾರೋ ಪಾಪ ಜೋಡಿಸಿ ಉಳಿದವುಗಳ ಜೊತೆಗೇ ಇಟ್ಟಿದ್ದರಂತೆ, ಅದೂ ಹೋಯಿತು. ಹಿತ್ತಲಿನ ದೊಡ್ಡ ಕಸದ ತೊಟ್ಟಿಯನ್ನು ಬಗ್ಗಿ ನೋಡಿದೆ. ತಳದಲ್ಲಿ ಒಂದು ಮುರಿದ ಕುರ್ಚಿ ಇತ್ತು. ಲಾರಿ ಹತ್ತು ಗಂಟೆಗೇ ಬಂದು ಹೋಗಿತ್ತು. ಕಾಲೇಜಿನ ಆಫೀಸಿನ ಹೆಂಗಸು ಬಹಳ ನಯವಾಗಿ, "ನೀವು ಅವರ ಸಂಬಂಧಿಕರೇ?" ಎಂದಳು. ಅಲ್ಲ ಅಂದೆ. "ಹಾಗಾದರೆ ನಾವೇನೂ ಹೇಳುವಂತಿಲ್ಲ, ಸಾರಿ," ಅಂದಳು. ಕೂಗಾಡಬೇಕು ಅನ್ನಿಸಿತು. ಯಾರ ಮೇಲೆ ಕೂಗಾಡಲಿ?

ಅವರನ್ನು ಒಂದು ಆರೈಕೆ ಕೇಂದ್ರಕ್ಕೆ ಸಾಗಿಸಿದರು. ಮತ್ತೆ ಎದ್ದು ನಡೆಯಲಿಲ್ಲ. ಆಪರೇಷನ್ನಿನ ನಂತರ ನೆನಪೂ ಬಂದು ಹೋಗಿ ಮಾಡುತ್ತಿತ್ತು. ಮೊದಲ ದಿನವೇ "ಪೆಟ್ಟಿಗೆ?" ಎಂದು ಕೇಳಿದರು. ನನ್ನ ಬಾಯಿಂದ ತಾನಾಗಿ ಬಂತು, "ನಮ್ಮ ಮನೆಯಲ್ಲಿವೆ." ಆ ಮುಖ ಅರಳಿದ್ದನ್ನು ನೋಡಿದ ಮೇಲೆ ಅದನ್ನು ತಿದ್ದುವುದು ನನ್ನಿಂದಾಗಲಿಲ್ಲ. ಪ್ರತಿ ಮಂಗಳವಾರ ಹೋಗುತ್ತಿದ್ದೆ. ನಮ್ಮಲ್ಲಿ ಟೈಪ್ ಆಗಿದ್ದ ಮೊದಲ ಪೆಟ್ಟಿಗೆಯ ಪತ್ರಗಳನ್ನೇ ಓದುತ್ತಿದ್ದೆ. ಅವರು ತಲೆದೂಗಿ ಕೇಳುತ್ತಿದ್ದರು. ನಾನು ಹೀಗೆ ಎಷ್ಟು ದಿನ ತಳ್ಳಬಹುದೆಂದು ಎಣಿಸುತ್ತಿದ್ದೆ.

ಒಂದು ಮಂಗಳವಾರ ಅವರ ಬುದ್ಧಿ ತಿಳಿಯಾಗಿತ್ತು. "ಹನ್ನೊಂದನೆಯ ಪೆಟ್ಟಿಗೆಯಿಂದ ಅವಳ ಕೊನೆಯ ಪತ್ರ ತೆಗೆದುಕೊಂಡು ಬಾ. ಹೀಗೆ ಓದಿದರೆ ನಾವು ಅಲ್ಲಿಯವರೆಗೆ ತಲುಪುವುದಿಲ್ಲ. ಈಗಲೇ ಓದಿಬಿಡು," ಅಂದರು.

ಮುಂದಿನ ವಾರ ಒಂದು ಖಾಲಿ ಹಾಳೆ ಒಯ್ದೆ. ಹೇಗೂ ಅವರಿಗೆ ಕಾಣುವುದಿಲ್ಲ. ಬಸ್ಸಿನಲ್ಲೇ ಮನಸ್ಸಿನಲ್ಲಿ ಕಟ್ಟಿಕೊಂಡಿದ್ದೆ. ಅವಳ ಧಾಟಿ ನನಗೆ ಬಾಯಿಪಾಠವಾಗಿತ್ತಲ್ಲ. "ಪ್ರೀತಿಯ ತಂಗಿ," ಎಂದು ಶುರು ಮಾಡಿದೆ. ಈಗ ನನಗೆ ವಯಸ್ಸಾಯಿತು, ಮಕ್ಕಳು ಇಂಗ್ಲಿಷಿನಲ್ಲೇ ಮಾತಾಡುತ್ತಾರೆ, ಹಿಮ ಬಿದ್ದರೂ ಈಗ ಹೆದರಿಕೆಯಾಗುವುದಿಲ್ಲ, ನೀನು ಒಮ್ಮೆ ಬಂದಿದ್ದರೆ ಎಂದು ಎಷ್ಟು ಸಲ ಅಂದುಕೊಂಡೆ. ಓದುತ್ತಾ ನನಗೇ ಅಳು ಬಂತು.

ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ತಂಗಿ ಅಷ್ಟು ಹೊತ್ತಿಗೆ ಸತ್ತಿದ್ದಳು," ಅಂದರು. "ಕೊನೆಯ ಪತ್ರ ಊರಿನ ಪಾದ್ರಿಗೆ ಬರೆದದ್ದು."

ನಾನು ಹಾಳೆ ಮಡಚಿದೆ.

"ಪೆಟ್ಟಿಗೆಗಳು ಇಲ್ಲ, ಅಲ್ಲವೇ?"

ತಲೆಯಾಡಿಸಿದೆ. ಅದು ಅವರಿಗೆ ಕಾಣಲಿಲ್ಲ. ಬಾಯಿಬಿಟ್ಟು ಹೇಳಲೇಬೇಕಾಯಿತು. "ಇಲ್ಲ," ಎಂದೆ.

"ಒಂದೂ?"

"ಒಂದೂ ಇಲ್ಲ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರ ಕೈ ಹೊದಿಕೆಯ ಅಂಚನ್ನು ಸವರುತ್ತಿತ್ತು. ನಾನು ಗಡಬಡಿಸಿ ಪೆನ್ನು ತೆಗೆದೆ. "ನೀವು ಅದನ್ನು ಎಷ್ಟು ಸಲ ಓದಿದ್ದೀರಿ! ಹೇಳಿ, ನಾನು ಬರೆದುಕೊಳ್ಳುತ್ತೇನೆ. ಆ ಪತ್ರ ಒಂದಾದರೂ ಉಳಿಯಲಿ," ಎಂದೆ.

ಅವರು ಗಂಟಲು ಸರಿಮಾಡಿಕೊಂಡರು. ಕ್ಲಾಸಿನಲ್ಲಿ ಹೀಗೇ ಮಾಡುತ್ತಿದ್ದಿರಬೇಕು.

"ಪೂಜ್ಯರೇ," ಅಂದರು.

ಬರೆದುಕೊಂಡೆ. ಅವರ ತುಟಿ ಎರಡು ಸಲ ಅಲುಗಿತು. ಹಣೆ ಗಂಟಿಕ್ಕಿತು. ನಾನು ಪೆನ್ನು ಹಿಡಿದು ಕಾದೆ. ಹೊರಗೆ ಔಷಧಿಯ ಗಾಡಿ ತಳ್ಳಿಕೊಂಡು ಯಾರೋ ಹೋದರು, ವಾಪಸು ಬಂದರು. ಅವರು ಕೊನೆಗೆ ನನ್ನ ಕಡೆ ತಿರುಗಿ, "ಆಮೇಲೆ ಏನಿತ್ತು?" ಎಂದು ನನ್ನನ್ನೇ ಕೇಳಿದರು.