ಪೈಲ್ವಾನನ ಹೆಗಲು

ಜಾಲಹಳ್ಳಿಯ ಸಂಗಮೇಶನನ್ನು ಕಂಡವರೆಲ್ಲ ಮೆತ್ತಗಿನ ಮನುಷ್ಯ ಎನ್ನುತ್ತಾರೆ. ಅದು ಸುಳ್ಳೂ ಅಲ್ಲ. ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಾನೆ, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕೂರುತ್ತಾನೆ. ಆದರೆ ಎಲ್ಲರ ಹೊಟ್ಟೆಯೊಳಗೂ ಒಂದು ಒಲೆ ಇರುತ್ತದಲ್ಲ, ಅವನದು ಹೊತ್ತಿಕೊಂಡದ್ದು ಎರಡು ಸಾವಿರದ ಹನ್ನೆರಡನೇ ಇಸವಿಯಲ್ಲಿ, ಇಲ್ಲದ ಒಬ್ಬ ಹೆಂಗಸಿನ ದೆಸೆಯಿಂದ. ಇಲ್ಲದ ಹೆಂಗಸು ಎಂದರೆ ದೆವ್ವವಲ್ಲ, ಕಂಪ್ಯೂಟರ್ ಆಟದೊಳಗಿನವಳು. ಅವಳ ಸುದ್ದಿಗೆ ಆಮೇಲೆ ಬರೋಣ, ಮೊದಲು ಇವನದಾಗಲಿ.

ಅಪ್ಪ ಚನ್ನವೀರಪ್ಪ ಹಾವೇರಿ ಕಡೆಯಿಂದ ಬಂದು, ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತೇ ನಿವೃತ್ತರಾದವರು. ಮಗ ಕ್ವಾರ್ಟರ್ಸಿನಲ್ಲಿ ಹುಟ್ಟಿ, ಅಲ್ಲೇ ಕ್ರಿಕೆಟ್ ಆಡಿ, ಓದಿ, ಎಲೆಕ್ಟ್ರಾನಿಕ್ ಸಿಟಿಯ ಒಂದು ಸಣ್ಣ ಗೇಮ್ ಕಂಪನಿ ಸೇರಿದ. ಪೀಣ್ಯದಲ್ಲಿ ಮೆಟ್ರೊ ಇನ್ನೂ ಬರಿಯ ಕಂಬವಾಗಿ ನಿಂತಿದ್ದ ಕಾಲ ಅದು. ಊರಿನ ಆ ತುದಿಯಿಂದ ಈ ತುದಿಗೆ ಬಸ್ಸಿನಲ್ಲಿ ಹೋಗಿಬರುವುದರಲ್ಲೇ ಅವನ ಅರ್ಧ ಆಯುಸ್ಸು ಸವೆಯುತ್ತಿತ್ತು. ಮಗ ಏನು ಮಾಡುತ್ತಾನೆಂದು ಯಾರಾದರೂ ಕೇಳಿದರೆ ಚನ್ನವೀರಪ್ಪನವರು 'ಕಂಪ್ಯೂಟರ್' ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರು. ಮೂವತ್ತಕ್ಕೆ ಹತ್ತಿರವಾದ ಮಗ ಆಟ ಕಟ್ಟುತ್ತಾನೆ ಎಂದು ಯಾವ ಬಾಯಲ್ಲಿ ಹೇಳುವುದು?

ಆ ಕಂಪನಿಯವರು ಕಟ್ಟುತ್ತಿದ್ದ ಆಟದಲ್ಲಿ ನಾಲ್ವರು ಜೊತೆಯಾಗಿ ರಾಕ್ಷಸರ ಕೋಟೆಗೆ ನುಗ್ಗಬೇಕು. ಒಬ್ಬೊಬ್ಬರದು ಒಂದೊಂದು ಕ್ಲಾಸ್, ಎಂದರೆ ಒಂದೊಂದು ಕಸುಬು. ಆಡುತ್ತಾ ಹೋದಂತೆ ಕಸುಬಿಗೆ ತಕ್ಕ ಹೊಸ ವಿದ್ಯೆ ದಕ್ಕುತ್ತದೆ. ಅದಕ್ಕೆ ಅಪ್‌ಗ್ರೇಡ್ ಎನ್ನುತ್ತಾರೆ. ಒಬ್ಬರ ವಿದ್ಯೆ ಇನ್ನೊಬ್ಬರಿಗೆ ಬರಕೂಡದು, ಯಾರ ವಿದ್ಯೆಯೂ ಬೇಡದ್ದು ಎನಿಸಕೂಡದು. ಸಾರಿನಲ್ಲಿ ಉಪ್ಪು, ಹುಳಿ, ಖಾರ ಇರುವ ಹಾಗೆ. ಆ ಹದ ಹಿಡಿಯುವುದೇ ಇವರ ಕೆಲಸ.

ಕಾಗದದ ಮೇಲೆ ಆ ನಾಲ್ವರಿಗೂ ಇಂಗ್ಲಿಷಿನ ದೊಡ್ಡ ದೊಡ್ಡ ಹೆಸರುಗಳಿದ್ದವು. ಆಫೀಸಿನಲ್ಲಿ ಉಳಿದದ್ದು ಮಾತ್ರ ಕ್ಯಾಬ್ ಡ್ರೈವರ್ ಯಮನೂರ ಇಟ್ಟ ಹೆಸರು. ಗದೆ ಹಿಡಿದವನು ಪೈಲ್ವಾನ, ಬಾಣ ಬಿಡುವವನು ಬಿಲ್ಲಪ್ಪ, ಮಂತ್ರ ಹಾಕುವವನು ಮಾಟಗಾರ, ಗಾಯ ಮಾಯಿಸುವವಳು ಮದ್ದಿನವ್ವ. ಡ್ರೈವರನಿಗೂ ಆಟಕ್ಕೂ ಏನು ಸಂಬಂಧವೆಂದರೆ, ಗುರುವಾರ ಮಧ್ಯಾಹ್ನ ಗೇಟಿನ ಹೊರಗೆ ಶಿಫ್ಟ್ ಬಿಡುವುದನ್ನು ಕಾಯುತ್ತಾ ಕೂತ ಡ್ರೈವರುಗಳನ್ನು ಮೇಲಕ್ಕೆ ಕರೆದು, ಎಗ್ ಪಫ್ಸು ಟೀ ಕೊಟ್ಟು, ಆಟಕ್ಕೆ ಕೂರಿಸುವುದು ಆ ಕಂಪನಿಯ ಪದ್ಧತಿ. ಹೇಗಿತ್ತು ಎಂದು ಅವರನ್ನು ಕೇಳುವಂತಿರಲಿಲ್ಲ. ಆಟ ಕಟ್ಟಿದವರು ಬೆನ್ನ ಹಿಂದೆ ಸುಮ್ಮನೆ ನಿಂತು, ಆಡುವಾಗ ಅವರು ಏನು ಕೂಗುತ್ತಾರೆ ಎಂಬುದನ್ನಷ್ಟೇ ಕೇಳಿಸಿಕೊಳ್ಳಬೇಕು. ಕೇಳಿದರೆ ಮರ್ಯಾದೆಗೆ ಚೆನ್ನಾಗಿದೆ ಎನ್ನುತ್ತಾರೆ, ಕೂಗಿನಲ್ಲಿ ಮರ್ಯಾದೆ ಇರುವುದಿಲ್ಲ ಎಂಬುದು ಯಜಮಾನ ಚಿನ್ನಪ್ಪ ಸಾರ್ ಹಾಕಿದ ಕಟ್ಟಳೆ.

ಪೈಲ್ವಾನ ಸಂಗಮೇಶನ ಕೂಸು. ಮೂರು ವರ್ಷ ಸಾಕಿದ್ದ. ಬಿಲ್ಲಪ್ಪ ಚಿನ್ನಪ್ಪ ಸಾರ್ ಅವರದೇ ಕೈಗೂಸು. ಮದ್ದಿನವ್ವ ಮಾತ್ರ ಅನಾಥೆ. ಅವಳಾಗಿ ಯಾರೂ ಆಡುತ್ತಿರಲಿಲ್ಲ, ಹಿಂದೆ ನಿಂತು ಗಾಯ ತೊಳೆಯುವ ಕೆಲಸ ಯಾರಿಗೆ ಬೇಕು? ಹಾಗಾಗಿ ಆ ವರ್ಷ ಹೊಸದಾಗಿ ಸೇರಿದ ಶಾಂಭವಿಯ ಕೊರಳಿಗೆ ಅವಳನ್ನು ಕಟ್ಟಿದರು. ಶಾಂಭವಿ ಗದಗದ ಹುಡುಗಿ, ಹೆಬ್ಬಗೋಡಿಯಲ್ಲಿ ರೂಮು ಮಾಡಿಕೊಂಡಿದ್ದಳು. ಬಂದವಳು ಒಂದೇ ಒಂದು ವಿದ್ಯೆ ಬದಲಿಸಿದಳು. ಮದ್ದಿನವ್ವ ಇನ್ನು ಮೇಲೆ ದೂರದಿಂದ ಮದ್ದು ಎಸೆಯುವುದಿಲ್ಲ. ಗಂಜಿಯ ಗಡಿಗೆಯನ್ನು ನೆಲಕ್ಕಿಳಿಸುತ್ತಾಳೆ. ಗಾಯವಾದವರು ಹೊಡೆದಾಟ ಬಿಟ್ಟು ಬಂದು ಅದರ ಸುತ್ತ ಕೂರಬೇಕು. ಕೂತರೆ ಜೀವ, ಇಲ್ಲದಿದ್ದರೆ ಇಲ್ಲ.

ಅಷ್ಟೇ. ಆ ಗುರುವಾರದಿಂದ ಕೋಣೆ ಸಂತೆಯಾಯಿತು. ಅವ್ವಾ ಎಲ್ಲಿದ್ದೀಯೇ, ಅವ್ವಾ ಗಡಿಗೆ ಇಳಿಸು, ಲೇ ಕುಡಿದದ್ದು ಸಾಕು ಎದ್ದೇಳೋ ನಾನೂ ಸಾಯ್ತಿದೀನಿ ಎಂದು ಒಬ್ಬರ ಮೇಲೊಬ್ಬರು ಕೂಗು. ಅವ್ವನಾಗಿ ಆಡಲು ಜಗಳ. ಸಂಗಮೇಶ ಬೆನ್ನ ಹಿಂದೆ ಕೈಕಟ್ಟಿ ನಿಂತು ಕೇಳಿದ. ಪೈಲ್ವಾನ ಎಂಬ ಶಬ್ದ ಒಂದು ಸಲವೂ ಕಿವಿಗೆ ಬೀಳಲಿಲ್ಲ. ಆಫೀಸಿನವನೊಬ್ಬ ನಗುತ್ತಾ ಶಾಂಭವಿಗೆ ಅಭಿನಂದನೆ ಹೇಳಿದ, ಮತ್ತೊಬ್ಬ ಟೀ ತಂದುಕೊಟ್ಟ. ಇವನೂ ಹೇಳಿದ. ಹೇಳಿದ ಬಾಯಿ ಬೇವು ತಿಂದ ಹಾಗಾಗಿತ್ತು.

ಅವಳು ಜಂಬದವಳಾಗಿದ್ದರೆ ಬಯ್ದುಕೊಂಡಾದರೂ ಹಗುರಾಗಬಹುದಿತ್ತು. ಅದೂ ಇರಲಿಲ್ಲ. ಬಂದು ಇವನ ಹತ್ತಿರವೇ ಸಂದೇಹ ಕೇಳುವಳು, ಊರಿನಿಂದ ತಂದ ಶೇಂಗಾ ಉಂಡೆ ಇವನ ಕೀಬೋರ್ಡಿನ ಪಕ್ಕದಲ್ಲಿಡುವಳು. ಆ ಉಂಡೆಯೂ ಚೆನ್ನಾಗಿತ್ತು. ಅದೂ ಒಂದು ಉರಿ.

ಮನೆಯಲ್ಲಿ ತಟ್ಟೆಯ ಮುಂದೆ ಕೂತರೆ ಅದೇ ಪುರಾಣ. ಶಾಂಭವಿ ಹಿಂಗೆ ಮಾಡಿದಳು, ಶಾಂಭವಿಗೆ ಹಂಗೆ ಅಂದರು. ತಾಯಿ ಮಹಾಂತಮ್ಮ ರೊಟ್ಟಿ ತಟ್ಟುತ್ತಾ ಕೆಲವು ದಿನ ಸುಮ್ಮನೆ ಕೇಳಿದರು. ಒಂದು ಸಂಜೆ ಮಗನ ತಟ್ಟೆಗೆ ಬಿಸಿ ರೊಟ್ಟಿ ಹಾಕಿ, ಮೆಲ್ಲಗೆ ಕೇಳಿದರು:

"ಯಾರಪ್ಪಾ ಆ ಹುಡುಗಿ? ಉಣ್ಣಾಕ ಕುಂತ್ರ ಆಕಿದ ಸುದ್ದಿ. ಮನಸಿನ್ಯಾಗ ಏನರ ಇದ್ರ ಹೇಳಿಬಿಡು."

ಪೇಪರ್ ಹಿಡಿದಿದ್ದ ಚನ್ನವೀರಪ್ಪನವರು ಅದನ್ನು ಇಳಿಸದೆಯೇ, "ನಮ್ಮ ಪೈಕಿನಾ?" ಎಂದರು.

ಸಂಗಮೇಶ ರೊಟ್ಟಿಯನ್ನು ಚೂರು ಚೂರು ಮಾಡತೊಡಗಿದ. ಮನಸ್ಸಿನಲ್ಲಿರುವುದು ಏನೆಂದು ಹೆತ್ತವರಿಗೆ ಹೇಳುವಂತಿರಲಿಲ್ಲ. ಪ್ರೀತಿ ಎಂದರೆ ಮದುವೆ ಮಾಡಿಯಾರು, ಹೊಟ್ಟೆಕಿಚ್ಚು ಎಂದರೆ ಏನು ಮಾಡಿಯಾರು?

ಇಷ್ಟರಲ್ಲಿ ಚಿನ್ನಪ್ಪ ಸಾರ್ ಎಲ್ಲರನ್ನೂ ಕೂರಿಸಿ ಒಂದು ಮಾತು ಹೇಳಿದರು. ಆಟ ಇನ್ನು ಕಂಪ್ಯೂಟರಿನಿಂದ ಫೋನಿಗೆ ಹೋಗುತ್ತದೆ. ಸಣ್ಣ ಪರದೆಯ ಮೇಲೆ ನಾಲ್ವರು ಹಿಡಿಸುವುದಿಲ್ಲ, ಮೂವರು ಸಾಕು. ದಸರೆಯೊಳಗೆ ಒಬ್ಬೊಬ್ಬರೂ ತಮ್ಮ ಕ್ಲಾಸಿಗೆ ಇನ್ನೊಂದು ಅಪ್‌ಗ್ರೇಡ್ ಕೊಡಬಹುದು. ಆಮೇಲೆ ಯಾರನ್ನು ಜನ ಕೇಳುವುದಿಲ್ಲವೋ ಅವರನ್ನು ತೆಗೆದುಬಿಡುವುದು. ಯಾರೂ ಸಂಗಮೇಶನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದರಲ್ಲೇ ಅವನಿಗೆ ಎಲ್ಲ ತಿಳಿಯಿತು. ಮೂರು ವರ್ಷ ಸಾಕಿದ ಪೈಲ್ವಾನ ದಸರೆ ಕಾಣುವುದಿಲ್ಲ.

ಮುಂದಿನ ಹದಿನೈದು ದಿನ ಅವನು ಗೇಯ್ದದ್ದು ಎತ್ತೂ ಗೇಯದು. ಪೈಲ್ವಾನನಿಗೆ ಬಿಲ್ಲಪ್ಪನ ಹಾಗೆ ಗದೆ ಎಸೆಯುವ ವಿದ್ಯೆ ಕೊಟ್ಟ. ಮಾಟಗಾರನ ಬೆಂಕಿ ಕೊಟ್ಟ. ಕೊನೆಗೆ ಸೊಂಟಕ್ಕೊಂದು ಸೋರೆ ಬುರುಡೆಯನ್ನೂ ಕಟ್ಟಿದ. ಅದರಿಂದ ಒಂದು ಗುಟುಕು ಕುಡಿದರೆ ಗಾಯ ತಾನೇ ಮಾಯುತ್ತದೆ. ಇನ್ನು ಅವ್ವನ ಗಡಿಗೆ ಯಾರಿಗೆ ಬೇಕು?

ಗುರುವಾರ ಬಂತು. ಒಂದೇ ಕ್ಲಾಸನ್ನು ಎಷ್ಟು ಜನ ಆರಿಸಿದರೂ ಆಟ ಬೇಡವೆನ್ನುತ್ತಿರಲಿಲ್ಲ, ಆ ದಿನ ನಾಲ್ವರು ಡ್ರೈವರುಗಳೂ ಪೈಲ್ವಾನನನ್ನೇ ಆರಿಸಿಕೊಂಡರು. ಸಂಗಮೇಶನಿಗೆ ನೆಲ ಕಾಲಿಗೆ ತಾಗುತ್ತಿರಲಿಲ್ಲ. ಓರೆಗಣ್ಣಿನಲ್ಲಿ ಶಾಂಭವಿಯ ಮುಖ ನೋಡಿದ, ಅದು ಸಪ್ಪಗಾಗಿತ್ತು. ಸುಖವಾಯಿತು. ಸುಳ್ಳೇಕೆ ಹೇಳಬೇಕು, ಬಹಳ ಸುಖವಾಯಿತು.

ಆಟ ಶುರುವಾಯಿತು. ನಾಲ್ವರು ಪೈಲ್ವಾನರೂ ನಾಲ್ಕು ದಿಕ್ಕಿಗೆ ಹೋದರು. ಅವರವರ ಗದೆ, ಅವರವರ ಬೆಂಕಿ, ಅವರವರ ಬುರುಡೆ. ಕೋಣೆಯಲ್ಲಿ ಎ.ಸಿ.ಯ ಗುಂಯ್ ಎನ್ನುವ ಸದ್ದು ಕೇಳತೊಡಗಿತು. ಯಾರೂ ಯಾರನ್ನೂ ಕರೆಯಲಿಲ್ಲ. ಬಯ್ಯಲೂ ಇಲ್ಲ. ಕೋಟೆ ಬಿತ್ತು, ಗೆದ್ದರು. ಗೆದ್ದವರು ಪಫ್ಸಿನ ಚೂರು ಕೊಡವಿಕೊಂಡು ಎದ್ದು ನಿಂತು, ಮತ್ತೊಂದು ಆಟ ಕೇಳದೆ ಮೆಟ್ಟಿಲಿಳಿದು ಹೋದರು. ಯಮನೂರ ಹೋಗುವಾಗ ಚೆನ್ನಾಗೈತ್ರೀ ಸಾರ್ ಎಂದ. ಅದು ಮರ್ಯಾದೆಯ ಮಾತು.

ಚಿನ್ನಪ್ಪ ಸಾರ್ ಖಾಲಿ ಕುರ್ಚಿಗಳನ್ನು ನೋಡುತ್ತಾ ಹೇಳಿದರು: "ನೀನು ಮಾಡಿರೋದು ಪೈಲ್ವಾನನ್ನಲ್ಲ ಸಂಗಮೇಶ. ಮದ್ದಿನವ್ವನ್ನೇ. ಮೀಸೆ ಅಂಟಿಸಿದೀಯ ಅಷ್ಟೆ."

ಶಾಂಭವಿ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಬುರುಡೆ ಕಿತ್ತ, ಬೆಂಕಿ ಆರಿಸಿದ. ಪೈಲ್ವಾನ ಮತ್ತೆ ಬರಿಯ ಗದೆ ಹಿಡಿದು ನಿಂತ. ದಸರೆ ಹತ್ತಿರ ಬರುತ್ತಿತ್ತು. ಈಗ ಸಂಗಮೇಶ ಮಾಡಿದ ಕೆಲಸ ಬೇರೆ. ದಿನಾ ಊಟದ ಹೊತ್ತಿನಲ್ಲಿ, ಎಲ್ಲರೂ ಕ್ಯಾಂಟೀನಿಗೆ ಹೋದ ಮೇಲೆ, ಮದ್ದಿನವ್ವನನ್ನು ತೆರೆದು ತಾನೇ ಆಡತೊಡಗಿದ. ಕಲಿಯಲೆಂದಲ್ಲ, ಕೊಲ್ಲಲೆಂದು. ಎಲ್ಲಾದರೂ ಒಂದು ಬಿರುಕು ಇರಲೇಬೇಕಲ್ಲ. ಹೊಟ್ಟೆ ಉರಿಯುವವನ ಕಣ್ಣು ಸೂಜಿಯ ಹಾಗೆ. ಅವಳು ಕಟ್ಟಿದ ಕ್ಲಾಸನ್ನು ಅವಳಿಗಿಂತ ಹೆಚ್ಚು ಅವನು ತಿಳಿದುಕೊಂಡ.

ಬಿರುಕು ಸಿಕ್ಕಿತು. ಗಡಿಗೆ ಇಳಿಸಿದ ಮೇಲೆ ಅವ್ವ ಕದಲುವಂತಿಲ್ಲ. ಕೋಟೆಯ ಒಳಸುತ್ತಿನಲ್ಲಿ ರಾಕ್ಷಸರು ಹಿಂದಿನಿಂದ ಬಂದರೆ ಗಡಿಗೆ ಬಿಟ್ಟು ಓಡಬೇಕು, ಇಲ್ಲವೇ ಅಲ್ಲೇ ಸಾಯಬೇಕು. ಓಡಿದರೆ ಗಂಜಿ ಚೆಲ್ಲುತ್ತದೆ. ಸಂಗಮೇಶ ಒಬ್ಬನೇ ಕೂತು ತೊಡೆ ತಟ್ಟಿಕೊಂಡ. ಎಲ್ಲರ ಮುಂದೆ ಇದನ್ನು ಹೇಗೆ ಹೇಳಬೇಕೆಂದು ಮನಸ್ಸಿನಲ್ಲೇ ಮಾತು ಜೋಡಿಸಿದ. ಜೋಡಿಸುತ್ತಿದ್ದಂತೆ ಇನ್ನೊಂದು ಹೊಳೆದು ತಣ್ಣಗಾದ. ಹೇಳಿದರೆ ಏನಾಗುತ್ತದೆ? ಆ ಹುಡುಗಿ ಸಂಜೆಯೊಳಗೆ ಗಡಿಗೆಗೆ ಗಾಲಿ ಕಟ್ಟುತ್ತಾಳೆ, ಎಲ್ಲರೂ ಮತ್ತೆ ಚಪ್ಪಾಳೆ ತಟ್ಟುತ್ತಾರೆ.

ಬಿರುಕನ್ನು ಅವಳಿಗೆ ಕೊಡಬಾರದು. ತಾನೇ ಇಟ್ಟುಕೊಳ್ಳಬೇಕು. ಅವ್ವನಿಗೆ ಕದಲಬೇಕೆಂದರೆ ನನ್ನ ಪೈಲ್ವಾನನ ಮೇಲೆ ಕದಲಲಿ.

ಹೀಗೆ ಹುಟ್ಟಿತು ಪೈಲ್ವಾನನ ಹೆಗಲು. ಅಪ್‌ಗ್ರೇಡ್ ಪಡೆದ ಪೈಲ್ವಾನ ಗಡಿಗೆಯ ಸಮೇತ ಅವ್ವನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ನಡೆಯಬಲ್ಲ. ಗಾಯಗೊಂಡವರು ಅವನ ಪಕ್ಕದಲ್ಲಿ ಹೆಜ್ಜೆ ಹಾಕಿದರೆ ಸಾಕು, ಗಂಜಿ ಸಿಗುತ್ತದೆ. ಆದರೆ ಹೊತ್ತಷ್ಟು ಹೊತ್ತು ಎರಡು ಕೈಯೂ ಅವಳ ಕಾಲು ಹಿಡಿದಿರುವುದರಿಂದ ಗದೆ ಬೀಸಲಾಗದು. ಉಳಿದವರು ಅವನನ್ನು ಕಾಯಬೇಕು. ಬೇರೆ ಯಾರಿಗೂ ಈ ವಿದ್ಯೆ ಇಲ್ಲ. ಅದರಲ್ಲಿ ದೊಡ್ಡ ಮನಸ್ಸೇನೂ ಇರಲಿಲ್ಲ, ಅವಳು ತನ್ನ ಹಂಗಿನಲ್ಲಿರಲಿ ಎಂಬ ಹಟ ಇತ್ತು. ಆದರೂ ಕಸುಬು ಕಸುಬೇ. ಹೆಜ್ಜೆ ಇಡುವಾಗ ಗಡಿಗೆ ತುಳುಕಬೇಕು, ಆದರೆ ಚೆಲ್ಲಬಾರದೆಂದು ಎರಡು ದಿನ ಅದೊಂದನ್ನೇ ತಿದ್ದಿದ.

ದಸರೆಗೆ ಮೊದಲಿನ ಗುರುವಾರ. ಸಂಗಮೇಶ ಗೋಡೆಗೆ ಒರಗಿ ನಿಂತಿದ್ದ. ಮೊದಲ ಐದು ನಿಮಿಷ ಡ್ರೈವರುಗಳಿಗೆ ಏನೂ ಅರ್ಥವಾಗಲಿಲ್ಲ. ಒಳಸುತ್ತಿನಲ್ಲಿ ರಾಕ್ಷಸರು ಮುತ್ತಿದಾಗ ಅವ್ವನಾಗಿ ಆಡುತ್ತಿದ್ದ ಯಮನೂರ ಕುರ್ಚಿಯಿಂದ ಅರ್ಧ ಎದ್ದ.

"ಲೇ ಪೈಲ್ವಾನಾ, ಎಲ್ಲಿ ಸತ್ತೀಯಲೇ. ನನ್ನ ಎತ್ತಲೇ ಮಗನ."

ಪೈಲ್ವಾನನಾಗಿದ್ದ ಆನೇಕಲ್ ಕಡೆಯ ಡ್ರೈವರ್ ಓಡಿಬಂದು ಎತ್ತಿದ. ಎತ್ತಿದವನು ಗಾಬರಿಯಲ್ಲಿ ತಪ್ಪು ಬಾಗಿಲಿಗೆ ನಡೆದ. ಉಳಿದಿಬ್ಬರು ಗಾಯದಲ್ಲಿ ಹಿಂದೆ ಓಡುತ್ತಾ ಅವನ ಏಳು ತಲೆಮಾರನ್ನು ಬಯ್ದರು. ಇವನು, ಸ್ಟೇರಿಂಗ್ ನನ್ ಕೈಲಿದೆ ಸುಮ್ನೆ ಕೂತ್ಕೊಳ್ರೋ ಎಂದ. ಕೋಣೆ ನಗೆಯಲ್ಲಿ ಮುಳುಗಿತು. ಸೋತರು. ಸೋತವರು ಎದ್ದು ಹೋಗಲಿಲ್ಲ. ಪೈಲ್ವಾನ ನನಗೆ ಕೊಡಿ, ನಿನಗೆ ಹೊರಲಿಕ್ಕೆ ಬರುವುದಿಲ್ಲ ಎಂದು ಕಿತ್ತಾಡಿ ಮತ್ತೆ ಕೂತರು. ಪೈಲ್ವಾನಾ, ಪೈಲ್ವಾನಾ ಎಂದು ಆ ಮಧ್ಯಾಹ್ನವೆಲ್ಲ ಕೂಗು. ಸಂಗಮೇಶ ಮುಖ ಗೋಡೆಯ ಕಡೆ ತಿರುಗಿಸಿಕೊಂಡ. ಕಣ್ಣು ಒರೆಸಿಕೊಳ್ಳುವುದನ್ನು ಶಾಂಭವಿ ನೋಡಬಾರದಿತ್ತು.

ಚಿನ್ನಪ್ಪ ಸಾರ್ ತೆಗೆದದ್ದು ಆ ಮಧ್ಯಾಹ್ನ ಯಾರೂ ಕೂಗದ ಬಿಲ್ಲಪ್ಪನನ್ನು, ತಮ್ಮ ಕೈಗೂಸನ್ನೇ. ತೆಗೆದು, ಆ ಸಂಜೆ ಯಾರಿಗೂ ಹೇಳದೆ ಬೇಗ ಮನೆಗೆ ಹೊರಟುಹೋದರು. ಪೈಲ್ವಾನ ಉಳಿದ.

ಉಳಿದನೆಂದ ಮಾತ್ರಕ್ಕೆ ಒಲೆ ಆರಿತೇ? ಹೊತ್ತವನಿಂದಾಗಿ ಅವ್ವ ಮೊದಲಿಗಿಂತ ಎತ್ತರಕ್ಕೇರಿದ್ದಳು. ಫೋನಿನ ಆಟಕ್ಕೆಂದು ಬರೆದ ಚಿತ್ರದಲ್ಲೂ ಮೇಲೆ ಅವಳು, ಕೆಳಗೆ ಇವನು. ಸಂಗಮೇಶ ಚಿತ್ರ ಬರೆಯುವವನ ಹತ್ತಿರ ಹೋಗಿ ಮೀಸೆ ಸ್ವಲ್ಪ ದಪ್ಪ ಮಾಡಲು ಹೇಳಿ ಬಂದ.

ಹಬ್ಬ ಕಳೆದ ಮೊದಲ ಶುಕ್ರವಾರ ಶಾಂಭವಿ ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಕೂತಳು. ಹೆಗಲ ಮೇಲೆ ಕೂತ ಅವ್ವ, ಹತ್ತಿರ ಬಂದ ರಾಕ್ಷಸರ ತಲೆಯ ಮೇಲೆ ಬಿಸಿ ಗಂಜಿ ಸುರಿದರೆ ಹೇಗೆ, ಗಂಜಿ ಕಡಿಮೆಯಾಗುತ್ತದೆ, ಆದರೆ ದಾರಿ ಬಿಡುತ್ತದೆ ಎಂದು ಹೇಳಿದಳು. ಚಿನ್ನಪ್ಪ ಸಾರ್‌ಗೆ ಹೇಳಿದೆಯಾ ಎಂದು ಸಂಗಮೇಶ ಕೇಳಿದ.

"ಇಲ್ಲ," ಎಂದಳು. "ಹೆಗಲು ನಿಂದಲ್ಲೇನು? ಅದಕ್ಕ ಮೊದಲ ನಿನ್ನ ಕೇಳಾಕ ಬಂದೆ."

ಅವಳ ಯೋಚನೆ ಸಕ್ಕತ್ತಾಗಿತ್ತು. ಕೇಳಿದ ಕ್ಷಣದಲ್ಲೇ ಗೊತ್ತಾಯಿತು. ರಾಕ್ಷಸರು ಚದುರುವುದು, ಡ್ರೈವರುಗಳು ಕುರ್ಚಿಯಿಂದೇಳುವುದು ಎಲ್ಲ ಕಣ್ಣಿಗೆ ಕಟ್ಟಿತು. ಸಂಗಮೇಶ ಪರದೆಯ ಮೇಲೆ ಇಲ್ಲದ ಏನನ್ನೋ ನೋಡುತ್ತಾ ಗಂಭೀರವಾಗಿ, "ಯೋಚ್ನೆ ಮಾಡ್ತೀನಿ. ಸೋಮವಾರ ಹೇಳ್ತೀನಿ," ಎಂದ. ಅವಳು ತಲೆಯಾಡಿಸಿ ಹೋದಳು.

ಆ ಸಂಜೆ ಬಸ್ಸು ಸಿಲ್ಕ್ ಬೋರ್ಡಿನ ಹತ್ತಿರ ಎಂದಿನಂತೆ ನಿಂತುಬಿಟ್ಟಿತು. ಸಂಗಮೇಶ ಕಿಟಕಿಗೆ ತಲೆ ಆನಿಸಿ, ಗಡಿಗೆ ಎಷ್ಟು ವಾಲಿದರೆ ಎಷ್ಟು ಗಂಜಿ ಬೀಳಬೇಕೆಂದು ಲೆಕ್ಕ ಹಾಕತೊಡಗಿದ್ದ. ವಾಲುವಾಗ ಪೈಲ್ವಾನ ಮಂಡಿ ಬಗ್ಗಿಸಬೇಕು, ಇಲ್ಲದಿದ್ದರೆ ಅವಳು ಬಿದ್ದಾಳು. ಸೋಮವಾರ ಹೂಂ ಎನ್ನುವುದೆಂದು ತೀರ್ಮಾನವಾಗಿತ್ತು. ಆದರೂ ಎರಡು ದಿನ ಕಾಯಲಿ. ಹೆಗಲು ತನ್ನದು, ಮೂರು ವರ್ಷ ಸಾಕಿದವನು ತಾನು, ಗಂಜಿ ಸುರಿಯುವುದು ಅವಳಿಗೆ ಹೇಗೆ ಹೊಳೆಯಿತು?