ಆಲಿಕಲ್ಲಿನ ಸಪ್ಪಳ

ನನ್ನ ದನಿ ಚೆನ್ನಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದೆಲ್ಲ ಆ ದನಿಯಿಂದಲೇ ಆಯಿತು. ಏಳನೆಯ ಇಯತ್ತೆಯಲ್ಲಿ ನನ್ನಷ್ಟು ಸರಾಗವಾಗಿ ಓದುವವರು ನಮ್ಮ ಶಾಲೆಯಲ್ಲಿ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಉಳಿದವರಿಗೆ ಗೊತ್ತಿಲ್ಲದೆ ಹೋದೀತು ಎಂದು ನಾನೇ ಆಗಾಗ ನೆನಪು ಮಾಡಿಕೊಡುತ್ತಿದ್ದೆ. ಓದುವುದೆಂದರೆ ನನಗೆ ಹುಚ್ಚು, ನಾಲ್ಕು ಜನರ ಮುಂದೆ ಓದುವುದೆಂದರೆ ಇನ್ನೂ ಹುಚ್ಚು.

ಸಿಂದಗಿಯಿಂದ ಇಂಡಿಗೆ ಹೋಗುವ ದಾರಿಯಲ್ಲಿ, ಬಸ್ಸು ನಿಂತರೆ ನಿಂತಿತು ಇಲ್ಲವಾದರೆ ಇಲ್ಲ ಎನ್ನುವಂಥ ಊರು ನಮ್ಮದು. ಎಪ್ಪತ್ತರ ದಶಕದ ನಡುವಿನ ಮಾತು. ಊರಿನಲ್ಲಿ ಹೆಚ್ಚು ಹೊಲ ಇದ್ದದ್ದು ನಮ್ಮ ಮನೆಗೆ. ಅಪ್ಪನನ್ನು ಎಲ್ಲರೂ ಗೌಡ್ರು ಎನ್ನುತ್ತಿದ್ದರು. ಹೀಗಾಗಿ ಶಾಲೆಯಲ್ಲಿ ನನ್ನನ್ನು ತಿದ್ದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ.

ಆ ವರ್ಷ ಮುದ್ದೇಬಿಹಾಳದ ಕಡೆಯಿಂದ ಒಬ್ಬ ಹೊಸ ಮಾಸ್ತರರು ಬಂದರು. ಎಳೆಯ ವಯಸ್ಸು, ಮೃದು ಮನುಷ್ಯ. ಶನಿವಾರ ಅರ್ಧ ದಿನದ ಶಾಲೆ. ಕೊನೆಯ ತಾಸಿನಲ್ಲಿ ಪಾಠ ಬಿಟ್ಟು ಕಥೆ ಓದಿಸಬೇಕೆಂದು ಅವರಿಗೆ ಎನಿಸಿತು. ಒಂದು ಶನಿವಾರ ಪುಟ್ಟ ಕಾದಂಬರಿಯೊಂದನ್ನು ತಂದರು. ಸಿಂದಗಿಯ ಬಸ್ ಸ್ಟ್ಯಾಂಡಿನ ಬಳಿ ಹಳೇ ಪುಸ್ತಕದವನ ಹತ್ತಿರ ಕೊಂಡದ್ದಂತೆ. ಮೇಲಿನ ರಟ್ಟೂ ಇರಲಿಲ್ಲ, ಮೊದಲ ಹಾಳೆಯೂ ಇರಲಿಲ್ಲ. ಬರೆದವರು ಯಾರು, ಪುಸ್ತಕದ ಹೆಸರೇನು ಎಂದು ನಮಗೆ ಕೊನೆಗೂ ತಿಳಿಯಲಿಲ್ಲ. ಮಕ್ಕಳಿಗೆಂದೇ ಬರೆದ ದೆವ್ವದ ಕಥೆ ಅದು. ಮಾಸ್ತರರು ನನ್ನನ್ನು ಮುಂದೆ ನಿಲ್ಲಿಸಿ ಓದಲು ಹೇಳಿದರು.

ಕಥೆ ಹೀಗಿತ್ತು. ಆಲಿಕಲ್ಲಿನ ಮಳೆ ಬೀಳುತ್ತಿರುವಾಗ ಕುರಿ ಕಾಯುವ ಹೆಂಗಸೊಬ್ಬಳು ಕೂಸನ್ನು ಎತ್ತಿಕೊಂಡು ಸಾಹುಕಾರನ ಮನೆಯ ಬಾಗಿಲು ಬಡಿಯುತ್ತಾಳೆ. ಅವನಿಗೆ ಕೇಳಿಸುತ್ತದೆ. ಕೇಳಿಸಿದರೂ ಅಗಳಿ ತೆಗೆಯುವುದಿಲ್ಲ, ಹೆಂಡತಿಗೂ ಸುಮ್ಮನಿರು ಎನ್ನುತ್ತಾನೆ. ಹೊರಗೆ ಕೂಸು ಸತ್ತುಹೋಗುತ್ತದೆ. ಮರುದಿನದಿಂದ ಆ ಮನೆಯ ಒಲೆಯಲ್ಲಿ ಬೆಂಕಿ ಉರಿಯುತ್ತದೆ, ಆದರೆ ಅದಕ್ಕೆ ಕಾವಿಲ್ಲ. ಹಂಚಿನ ಮೇಲಿನ ರೊಟ್ಟಿ ಹಸಿಯಾಗಿಯೇ ಇರುತ್ತದೆ, ಹಾಲು ಉಕ್ಕುವುದಿಲ್ಲ. ಆಮೇಲೆ ಮನೆಯ ಸಣ್ಣ ಹುಡುಗನ ಬೆರಳುಗಳು ಬೆಳ್ಳಗೆ ತಣ್ಣಗಾಗುತ್ತವೆ, ಆ ತಂಪು ದಿನಾಲೂ ಒಂದಿಷ್ಟು ಮೇಲೇರುತ್ತದೆ. ಕಾವನ್ನು ಮರಳಿ ತರಲು ಅವನ ಅಕ್ಕ ಮನೆ ಬಿಟ್ಟು ಹೊರಡುತ್ತಾಳೆ. ಅವಳು ಹೋಗುವ ಬಯಲಿನಲ್ಲಿ ಗೋಡೆಗಳೇ ಇಲ್ಲ, ಬರೀ ಬಾಗಿಲುಗಳು ನಿಂತಿವೆ. ಯಾರ್‍ಯಾರೋ ಎಂದೆಂದೋ ತೆಗೆಯದೆ ಬಿಟ್ಟ ಬಾಗಿಲುಗಳು, ಪ್ರತಿಯೊಂದರ ಹಿಂದೆಯೂ ಬಡಿಯುವ ಸದ್ದು.

ಇಂಥ ಕಥೆ ಕೈಗೆ ಸಿಕ್ಕರೆ ನಾನು ಬಿಟ್ಟೇನೇ? ಸಾಹುಕಾರನಿಗೆ ಒಂದು ದನಿ, ಅವನ ಹೆಂಡತಿಗೆ ಒಂದು ದನಿ ಮಾಡಿದೆ. ಕುರಿಗಾರ ಹೆಂಗಸಿನ ಸರದಿ ಬಂದಾಗ ನಮ್ಮೂರ ಕುರಿಗಾರರು ಮಾತಾಡುವ ಧಾಟಿಯನ್ನೇ ಹಿಡಿದೆ. "ಯಪ್ಪಾ, ಬಾಗಲಾ ತಗೀರಿ ಯಪ್ಪಾ" ಎಂದು ಮೂಗಿನಲ್ಲಿ ಎಳೆದೆಳೆದು ಅತ್ತೆ. ಇಡೀ ವರ್ಗ ಬಿದ್ದು ಬಿದ್ದು ನಕ್ಕಿತು. ಮಾಸ್ತರರೂ ನಕ್ಕರು. ಮುಂದಿನ ವಾರ ಓದು ಶುರುವಾಗುವ ಮೊದಲೇ ಹುಡುಗರು ಆ ಅಳುವನ್ನೊಮ್ಮೆ ಮಾಡಿ ತೋರಿಸು ಎಂದು ಗಂಟುಬಿದ್ದರು. ನಾನು ಬೇಡ ಬೇಡ ಎನ್ನುತ್ತಲೇ ಮಾಡಿದೆ.

ನಗದೆ ಇದ್ದವಳು ಒಬ್ಬಳೇ. ಹಿಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕ ಕೂಡುತ್ತಿದ್ದ ಕುರಿಗಾರರ ಮನೆಯ ಹುಡುಗಿ. ಲೆಕ್ಕದಲ್ಲಿ ಜಾಣೆ, ಮಾತು ಕಡಿಮೆ. ಅವಳು ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಿದ್ದಳು. ನನ್ನ ಓದಿಗೆ ಹೆದರಿದ್ದಾಳೆ ಎಂದುಕೊಂಡು ನಾನು ಉಬ್ಬಿದೆ. ಆ ಉಬ್ಬನ್ನು ನೆನೆದರೆ ಇವತ್ತಿಗೂ ಎಲ್ಲಿಯಾದರೂ ಮುಖ ಮುಚ್ಚಿಕೊಳ್ಳೋಣ ಎನಿಸುತ್ತದೆ.

ಎರಡನೆಯ ಶನಿವಾರ ಮನೆಗೆ ಬಂದಾಗ ಆಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಆಯಿ ಎಂದರೆ ಅಪ್ಪನ ತಾಯಿ. ಬಸವನ ಬಾಗೇವಾಡಿ ಕಡೆಯ ತವರು, ಗಟ್ಟಿಗಿತ್ತಿ, ಸುಮ್ಮನೆ ಕೂತದ್ದನ್ನು ನಾನು ಕಂಡಿರಲಿಲ್ಲ. ಅವ್ವ, ಆಳಿನ ಹೆಂಗಸರು ಎಲ್ಲ ಸುತ್ತ ಕೂತಿದ್ದರು. ಕೇಳುವವರು ಇಷ್ಟು ಮಂದಿ ಒಮ್ಮೆಗೇ ಸಿಕ್ಕಮೇಲೆ ಇನ್ನೇನು, ನಡುವೆ ನಿಂತು ಕಥೆಯನ್ನು ಮೊದಲಿನಿಂದ ಹೇಳಿದೆ, ಅಳುವನ್ನೂ ಬಿಡಲಿಲ್ಲ. ಯಾರೂ ನಗಲಿಲ್ಲ. ಆಳಿನ ಹೆಂಗಸರು ತಲೆ ಬಗ್ಗಿಸಿದರು. ಆಯಿಯ ಕೈಯಲ್ಲಿ ಮೊರ ನಿಂತುಬಿಟ್ಟಿತ್ತು.

"ಆ ಮನಿ ಹೆಣಮಗಳು ಏನ್ ಮಾಡಿದ್ಲು?" ಎಂದು ಆಯಿ ಕೇಳಿದಳು.

"ಗಂಡ ಹೇಳಿದಂಗ ಸುಮ್ನ ಇದ್ಲು ಆಯಿ."

ಆಯಿ ಮತ್ತೆ ತೊಗರಿ ಕೇರತೊಡಗಿದಳು. ಆದರೆ ಪಡಸಾಲೆಯಲ್ಲಿ ಕೂತಿದ್ದ ಅಪ್ಪ ಎದ್ದು ಬಂದ. "ಇದನ್ನ ಸಾಲ್ಯಾಗ ಓದಿಸ್ಯಾರೇನು? ಎಲ್ಲಾರ ಮುಂದ?" ಎಂದ. ನಾನು ಹೆಮ್ಮೆಯಿಂದ ಹೌದೆಂದೆ. ಓದಿದವಳು ನಾನೇ ಎಂದೂ ಸೇರಿಸಿದೆ. ಅಪ್ಪನ ಮುಖ ಕಪ್ಪಿಟ್ಟಿತು.

ಸೋಮವಾರ ಅಪ್ಪ ಶಾಲೆಗೆ ಬಂದ. ಊರಿನ ಇಬ್ಬರು ಹಿರಿಯರು ಜೊತೆಗಿದ್ದರು. ಮಾಸ್ತರರು ಕುರ್ಚಿ ಕೊಟ್ಟರೂ ಕೂಡಲಿಲ್ಲ.

"ಮಾಸ್ತರ, ನಮ್ಮ ಮನಿ ಸುದ್ದಿ ನಿಮಗ ಯಾರ್ ಹೇಳಿದ್ರು?"

"ಯಾವ ಸುದ್ದಿರಿ ಗೌಡ್ರ?"

"ಗೊತ್ತಿಲ್ಲದವರಂಗ ಮಾಡಬ್ಯಾಡ್ರಿ. ಆಲಿಕಲ್ಲ ಮಳಿ, ಕುರಿಗಾರ ಹೆಣಮಗಳು, ಬಗಲಾಗ ಕೂಸು. ಇದು ನಮ್ಮ ಮನಿದಲ್ಲದ ಮತ್ಯಾರ ಮನಿದು?"

ಮಾಸ್ತರರು ಗಾಬರಿಯಾಗಿ ಕಪಾಟಿನಿಂದ ಪುಸ್ತಕ ತೆಗೆದು ತೋರಿಸಿದರು. "ಇದು ಹುಡುಗೂರ ಕಥಿರಿ, ಬರೇ ದೆವ್ವದ ಕಥಿ. ಬರದಾವ್ರು ಎಲ್ಲಿಯವ್ರೋ ಏನೋ. ಈ ಊರಿನ ಹೆಸರ ಸೈತ ಕೇಳಿರಲಿಕ್ಕಿಲ್ಲ."

"ಹಂಗಾದ್ರ ಕೇಳಿಸಿದ್ರೂ ಬಾಗಲಾ ತಗೀಲಿಲ್ಲ ಅಂತ ಯಾಕ ಬರದಾರ?" ಅಪ್ಪನ ದನಿ ಏರಿತು. "ನಮ್ಮಪ್ಪಗ ಕೇಳೇ ಇಲ್ಲ! ಹೊಲದಾಗಿನ ಪತ್ರಾಸಿನ ಮನಿ ಅದು. ತಗಡಿನ ಮ್ಯಾಲ ಆಲಿಕಲ್ಲ ಬೀಳೂ ಮುಂದ ಬಾಜೂಕ ಕುಂತವರ ಮಾತ ಕೇಳಂಗಿಲ್ಲ. ನಾನೂ ಅಲ್ಲೇ ಇದ್ದೆ, ಸಣ್ಣಾಂವ ಇದ್ದೆ, ನನಗೂ ಕೇಳಿಲ್ಲ. ಮಳಿ ನಿಂತು ಬಾಗಲಾ ತಗದಮ್ಯಾಲೇ ಕಟ್ಟಿ ಮ್ಯಾಲ ಕುಂತ ಆಕೀನ ನೋಡಿದ್ದು. ಕೂಸು ಆಗಲೇ ಹೋಗಿತ್ತು. ಕೇಳಿದ್ರ ಬಾಗಲಾ ತಗೀದಂಥ ಮನಶ್ಯಾ ಅಲ್ಲ ನಮ್ಮಪ್ಪ!"

ಮಾಸ್ತರರು ಪುಸ್ತಕವನ್ನು ಮೇಜಿನ ಮೇಲಿಟ್ಟು, ತೀರ ಮೆಲ್ಲಗೆ, "ಗೌಡ್ರ, ಇದು ನನಗ ಗೊತ್ತಿರಲಿಲ್ಲರಿ" ಎಂದರು.

ಆಗ ಅಪ್ಪನಿಗೆ ತಾನು ಮಾಡಿದ್ದು ಅರ್ಥವಾಯಿತು. ಅವನು ವರ್ಗವನ್ನು ನೋಡಿದ, ನನ್ನನ್ನು ನೋಡಿದ, ಕಿಟಕಿಯ ಬಳಿ ಕೂತ ಹುಡುಗಿಯನ್ನೂ ನೋಡಿದ. ದೊಡ್ಡವರು ಇಷ್ಟು ವರ್ಷ ನಮ್ಮ ಮನೆಯವರ ಮುಂದೆ ಬಾಯಿಬಿಡದೆ ಇದ್ದ ಮಾತನ್ನು ಅವನೇ ನಲವತ್ತು ಹುಡುಗರ ಮುಂದೆ ಕೂಗಿ ಹೇಳಿದ್ದ. "ಆ ಪುಸ್ತಕ ಮುಂದ ಓದಸಬ್ಯಾಡ್ರಿ" ಎಂದ. ಅದು ಗೌಡರ ಅಪ್ಪಣೆಯ ಹಾಗೆ ಇರಲಿಲ್ಲ, ಬೇಡಿಕೊಂಡ ಹಾಗಿತ್ತು. ಮಾಸ್ತರರು ಪುಸ್ತಕವನ್ನು ಕಪಾಟಿನೊಳಗಿಟ್ಟು ಕೀಲಿ ಹಾಕಿದರು.

ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬ ಹುಡುಗ ಬಂದು ನನ್ನ ಕೈ ಮುಟ್ಟಿ ನೋಡಿದ. ತಣ್ಣಗಿದೆಯೋ ಎಂದು. "ಇಲ್ಲಪಾ, ಬಿಸೀನ ಐತಿ" ಎಂದು ಉಳಿದವರಿಗೆ ವರದಿ ಒಪ್ಪಿಸಿದ. ಅವರಿಗೆ ಅದು ಆಟ. ನಾನು ಮನೆಗೆ ಹೋಗಿ ಒಲೆಯ ಮುಂದೆ ಕೂತು ಕೈ ಚಾಚಿದೆ. ಕಾವಿತ್ತು. ಹನ್ನೆರಡು ವರ್ಷದ ಜಾಣೆಗೆ ಅಷ್ಟರಿಂದಲೇ ದೊಡ್ಡ ಸಮಾಧಾನವಾಯಿತು ಎಂದು ಹೇಳಲೂ ನಾಚಿಕೆ.

ಆಮೇಲೆ ಒಂದೊಂದೇ ಹೊಳೆಯತೊಡಗಿತು. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಕುರಿಗಾರರನ್ನು ಕರೆದು ಹೊಲದಲ್ಲಿ ಕುರಿ ತರುಬಿಸುತ್ತಾರೆ. ಹಿಂಡು ರಾತ್ರಿಯೆಲ್ಲ ಅಲ್ಲೇ ಮಲಗಿದರೆ ಅದರ ಹಿಕ್ಕೆಯೇ ಹೊಲಕ್ಕೆ ಗೊಬ್ಬರ. ಊರಿನ ಎಲ್ಲರ ಹೊಲದಲ್ಲೂ ಕುರಿ ತರುಬುತ್ತಿದ್ದರು, ನಮ್ಮ ಹೊಲದಲ್ಲಿ ಇಲ್ಲ. ನಮ್ಮ ದನಗಳ ಗೊಬ್ಬರವೇ ಬೇಕಾದಷ್ಟಿದೆ ಎಂದು ಮನೆಯಲ್ಲಿ ಹೇಳುತ್ತಿದ್ದರು. ನಾನೂ ಅದನ್ನೇ ದೊಡ್ಡಸ್ತಿಕೆಯಿಂದ ಹೇಳಿಕೊಂಡು ತಿರುಗಿದ್ದೆ. ಆ ಮಳೆಯ ದಿನ ಆ ಕೂಸಿನ ಮನೆಯವರ ಹಿಂಡು ನಮ್ಮ ಹೊಲದಲ್ಲೇ ಇತ್ತು. ಗಂಡಸರು ಕುರಿಗಳ ನಡುವೆ ಸಿಕ್ಕಿಕೊಂಡಿದ್ದರು. ಸುತ್ತ ಎಲ್ಲೂ ಮರೆ ಇಲ್ಲ, ಕಣ್ಣಿಗೆ ಕಾಣುವ ಸೂರು ನಮ್ಮದೊಂದೇ. ಆಮೇಲೆ ಯಾವ ಕುರಿಗಾರನೂ ನಮ್ಮ ಹೊಲದ ಕಡೆ ಹಿಂಡು ತಿರುಗಿಸಲಿಲ್ಲ. ಇದನ್ನು ಅವ್ವನಿಂದ ಬಿಡಿಸಿ ಬಿಡಿಸಿ ಕೇಳಿ ತಿಳಿದುಕೊಂಡೆ. ಕೂಸನ್ನು ಕಳೆದುಕೊಂಡವಳು ಕಿಟಕಿಯ ಬಳಿ ಕೂಡುತ್ತಿದ್ದ ಆ ಹುಡುಗಿಯ ಅಜ್ಜಿ ಎನ್ನುವುದನ್ನೂ ಅವ್ವನೇ ಹೇಳಿದಳು.

ನನಗೆ ಬೇಕಾಗಿದ್ದದ್ದು ಒಂದೇ. ಅವರಿಗೆ ಕೇಳಿಸಿರಲಿಲ್ಲ ಎನ್ನುವುದು ನಿಜವಾಗಿರಬೇಕು. ಕೇಳಿಸಿರದಿದ್ದರೆ ನಾವು ಪುಸ್ತಕದ ಮನೆಯವರಲ್ಲ. ಅಜ್ಜ ತೀರಿಕೊಂಡಿದ್ದ. ಅಪ್ಪ ಆಗ ಸಣ್ಣವನು. ತಿಳಿದವಳು ಉಳಿದಿದ್ದರೆ ಆಯಿ ಒಬ್ಬಳೇ.

"ಆಯಿ, ಅವತ್ತು ನಿನಗ ಕೇಳಿಸಿತ್ತಾ?"

"ನಿಮ್ಮಪ್ಪ ಹೇಳ್ಯಾನಲ್ಲ" ಎಂದಳು ಆಯಿ, ನನ್ನ ಕಡೆ ನೋಡದೆ.

ಕೆಲವು ದಿನ ಕಳೆದ ಮೇಲೆ, ಅಪ್ಪ ಇಂಡಿಗೆ ಹೋಗಿದ್ದ ದಿನ, ಆಯಿ ಒಳ್ಳೆಯ ಸೀರೆ ಉಟ್ಟುಕೊಂಡು "ನಡಿ" ಎಂದಳು. ಎಲ್ಲಿಗೆ ಎಂದು ಹೇಳಲಿಲ್ಲ. ಅವಳಿಗೆ ಕಣ್ಣು ಮಂದ, ನಾನು ಕೈ ಹಿಡಿದು ನಡೆಸಬೇಕು. ಊರ ತುದಿಯ ಕುರಿಗಾರರ ಓಣಿ ಬಂದಾಗ ನನ್ನ ಕಾಲು ಹಿಂದೇಟು ಹಾಕಿತು. ಆಯಿ ನನ್ನ ಕೈಯನ್ನು ಬಿಡಲಿಲ್ಲ.

ಆ ಅಜ್ಜಿ ಮನೆಯ ಮುಂದೆ ಕೂತು ಉಣ್ಣೆ ನೂಲುತ್ತಿದ್ದಳು. ನಮ್ಮನ್ನು ಕಂಡು ಗಡಬಡಿಸಿ ಎದ್ದಳು. "ಬರ್ರಿ ಅವ್ವಾರ, ಬರ್ರಿ" ಎಂದು ಕಂಬಳಿ ಹಾಸಿದಳು. ಒಳಗಿದ್ದ ಮೊಮ್ಮಗಳಿಗೆ ಚಹಾ ಇಡಲು ಕೂಗಿ ಹೇಳಿದಳು. ಮೊಮ್ಮಗಳು ಬಾಗಿಲಿಗೆ ಬಂದು ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು. ಆಯಿ ಕೂತಳು. ಮೊಣಕಾಲು ನೋವಿನ ಮಾತಾಡಿದಳು. ಈ ಸಲ ಬಿಸಿಲು ಬೇಗ ಬಿತ್ತು ಎಂದಳು. ಕಂಬಳಿ ಚೆನ್ನಾಗಿದೆ ಎಂದಳು. ಅಷ್ಟು ದೂರ ಬಂದು ಇವಳು ಕಂಬಳಿಯ ಮಾತಾಡುತ್ತಾಳಲ್ಲ ಎಂದು ನನಗೆ ಸಿಟ್ಟು ಬಂತು. ನನ್ನ ಬಾಯಿಂದಲೂ ಒಂದು ಮಾತು ಹೊರಡಲಿಲ್ಲ ಎನ್ನುವುದು ಬೇರೆ.

ಆಗ ಆ ಅಜ್ಜಿ ನನ್ನ ಕಡೆ ತಿರುಗಿದಳು. "ಓದಾಕಿ ಇಕೀನ ಏನ್ರಿ? ನಮ್ಮ ಹುಡುಗಿ ಹೇಳ್ತಿದ್ಲು. ಕುರಿಗಾರ ಹೆಂಗಸು ಬಾಗಲದಾಗ ನಿಂತು ಕೂಗೂದನ್ನ ಥೇಟ ನಮ್ಮಂಗನ ಅಂತಾಳಂತ. ಅಂದು ತೋರ್ಸವಾ, ನಾನೂ ಕೇಳ್ತೇನಿ."

ಅವಳ ದನಿಯಲ್ಲಿ ಚುಚ್ಚು ಇದ್ದಿದ್ದರೆ ನಾನು ಬದುಕುತ್ತಿದ್ದೆ. ಇರಲಿಲ್ಲ. ಮನೆಗೆ ಬಂದ ಹುಡುಗಿಯಿಂದ ಒಂದು ಪದ ಹೇಳಿಸುವ ಹಾಗೆ ಕೇಳಿದಳು. ನೆಲ ಬಿರಿದಿದ್ದರೆ ಇಳಿದುಬಿಡುತ್ತಿದ್ದೆ. "ಯಾಕವಾ, ನಾಚಬ್ಯಾಡ" ಎಂದು ಅವಳು ಮತ್ತೊಮ್ಮೆ ಹುರಿದುಂಬಿಸಿದಳು. ಕುಣಿಕುಣಿದು ಓದಿದ್ದ ನಾನು ಅಲ್ಲಿ ಕಲ್ಲಿನಂತೆ ಕೂತಿದ್ದೆ.

"ಹಂಗಲ್ಲ ಅದು, ತಂಗಿ" ಎಂದಳು ಆಯಿ, ಆ ಅಜ್ಜಿಗೆ. ತನ್ನ ಮೊಣಕಾಲನ್ನೇ ನೋಡುತ್ತಿದ್ದಳು. ಆಮೇಲೆ, ಅಳುವನ್ನು ಸೇರಿಸದೆ, ಏರಿಳಿತವಿಲ್ಲದೆ, ಒಪ್ಪಿಸುವ ಹಾಗೆ ಹೇಳಿದಳು: "ನಾ ಹೊರಗ ಇರ್ತೇನಿ. ಕೂಸಿನ್ನಷ್ಟ ಒಳಗ ತಗೋರಿ. ಕೂಸು ತಣ್ಣಗಾಗಾಕತ್ತೈತಿ. ಕೂಸಿನ್ನಷ್ಟ ತಗೋರಿ ಯವ್ವಾ. ಹಿಂಗ ಅಂದಿದ್ದಿ ನೀ."

ಈ ಮಾತು ಪುಸ್ತಕದಲ್ಲಿ ಇರಲಿಲ್ಲ. ಓದಿದಷ್ಟೂ ನನಗೆ ಬಾಯಿಪಾಠವಾಗಿತ್ತು.

ಅಜ್ಜಿಯ ಕೈಯಲ್ಲಿನ ನೂಲು ಕಡಿಯಿತು. ಅವಳು ಆಯಿಯನ್ನು ನೋಡಿದಳು. "ಹೌದ್ರಿ" ಎಂದಳು. "ಹಂಗ ಅಂದಿದ್ದೆ."

ಕಡಿದ ಎಳೆಯನ್ನು ಬೆರಳಲ್ಲಿ ಹೊಸೆಯುತ್ತ ಮತ್ತೆ ಅವಳೇ ಮಾತಾಡಿದಳು, ನಮಗಲ್ಲ, ತನಗೇ ಹೇಳಿಕೊಂಡಂತೆ. "ನಿಮಗ ಕೇಳಿರಲಿಕ್ಕಿಲ್ಲ ಅಂತ ತಿಳಕೊಂಡಿದ್ದೆ ನಾ. ನಮ್ಮ ಮಂದಿ ಏನೇನರೆ ಅಂದ್ರ, ನಾನ ಅವರ ಬಾಯಿ ಮುಚ್ಚಿಸ್ತಿದ್ದೆ. ಆ ಆಲಿಕಲ್ಲಿನ ಸಪ್ಪಳದಾಗ ಪಾಪ ಅವರಿಗರೆ ಹೆಂಗ ಕೇಳಬೇಕು ಅಂತಿದ್ದೆ. ಇಷ್ಟ ವರ್ಷ ಅದನ್ನ ಅನಕೋತ ಬಂದೇನಿ."

ಒಳಗೆ ಚಹಾ ಕುದಿಯುವ ವಾಸನೆ ಬರುತ್ತಿತ್ತು. ಹುಡುಗಿ ಕಪ್ಪುಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅಜ್ಜಿಯ ಮುಖವನ್ನೊಮ್ಮೆ ನೋಡಿದಳು, ಆಮೇಲೆ ಒಳಗೆ ಹೋಗಿ ಚಹಾ ಬಗ್ಗಿಸದೆ ಕಪ್ಪುಗಳನ್ನು ಗೋಡೆಯ ಗೂಡಿನಲ್ಲಿಟ್ಟಳು. ನಾವು ಎದ್ದೆವು. ಹೋಗಿ ಬರ್ರಿ ಎಂದು ಯಾರೂ ಅನ್ನಲಿಲ್ಲ.