ನರ್ಸಬಾಯಿ ಮಂದಿಯ ಸಿನೆಮಾ ಮತ್ತು ನನ್ನ ಗಂಟಲು

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಪಡಸಾಲೆಯಲ್ಲಿ ಅಡ್ಡಾಗಿದ್ದೆ. ಮೊಮ್ಮಗಳು ಬಾಗಿಲ ಬೆಳಕಿಗೆ ಕುಳಿತು ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಆ ಪುಟ್ಟ ಸೀಸೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಕುಳಿತೆ. ಕಳಿತು ಹೋದ ಬಾಳೆಹಣ್ಣಿಗೆ ಸ್ಪಿರಿಟ್ಟು ಸುರಿದಂಥ ವಾಸನೆ.

"ಯಾಕ ಅಜ್ಜಾ, ತಲಿ ನೋಯಾಕತ್ತೇತೇನು? ಹೊರಗ ಹೋಗಿ ಹಚ್ಕೋಲೇನು?" ಎಂದಳು.

"ಬ್ಯಾಡ, ಇಲ್ಲೇ ಹಚ್ಕೋ" ಎಂದೆ.

ಅವಳಿಗೇನು ಗೊತ್ತು? ಹರಿದ ಫಿಲ್ಮನ್ನು ಕೂಡಿಸುವ ಅಂಟಿಗೂ ಇದೇ ವಾಸನೆ ಇತ್ತು. ಆ ವಾಸನೆಯ ನಡುವೆ ಅವಳ ಅಜ್ಜ ಮೂರು ವರ್ಷ ಸೋಲಾಪುರದಲ್ಲಿ ದೊಡ್ಡ ಮನುಷ್ಯನಾಗಿ ಬಾಳಿದ್ದ.

ದೊಡ್ಡ ಮನುಷ್ಯ ಎಂದದ್ದಕ್ಕೆ ನೀವು ತಪ್ಪು ತಿಳಿಯಬೇಡಿ. ನನ್ನ ಎತ್ತರ ಐದಡಿ ಎರಡಂಗುಲ, ಅದೂ ಟೋಪಿ ಸೇರಿಸಿ. ದೊಡ್ಡದಾಗಿದ್ದದ್ದು ನನ್ನ ಗಂಟಲು. ಅದು ಮೂಕಿ ಚಿತ್ರಗಳ ಕಾಲ. ಪರದೆಯ ಮೇಲೆ ಜನ ಬಾಯಿ ಆಡಿಸುತ್ತಿದ್ದರು, ಮಾತು ಕೇಳುತ್ತಿರಲಿಲ್ಲ. ನಡುನಡುವೆ ಇಂಗ್ಲಿಷಿನಲ್ಲಿ ಬರೆದ ಪಾಟಿಯೊಂದು ಮೂಡಿ ಮರೆಯಾಗುತ್ತಿತ್ತು. ಅದನ್ನು ಓದಿ ಗಿರಣಿಯ ಕೆಲಸಗಾರರಿಗೆ ಮರಾಠಿಯಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಕೂಗಿ ಹೇಳಲು ಪರದೆಯ ಪಕ್ಕದಲ್ಲಿ ಒಬ್ಬ ನಿಲ್ಲಬೇಕಿತ್ತು. ಆ ಒಬ್ಬ ನಾನು. ಪುಣೆಯ ಕಾಲೇಜಿನಲ್ಲಿ ಬೇರೆಲ್ಲ ವಿಷಯಗಳಲ್ಲಿ ಪಾಸಾಗಿ ಇಂಗ್ಲಿಷಿನಲ್ಲಿ ಮಾತ್ರ ಎರಡು ಸಲ ನಪಾಸಾಗಿದ್ದವನಿಗೆ ಇಂಗ್ಲಿಷು ಓದಿ ಹೇಳುವ ಕೆಲಸ ಸಿಕ್ಕಿತ್ತು. ಚಿತ್ರ ತೋರಿಸುವ ತಂಬುವಿನ ಮಾಲೀಕ ನನ್ನ ಧ್ವನಿ ಕೇಳಿದನೇ ಹೊರತು ಮಾರ್ಕು ಕೇಳಲಿಲ್ಲ.

ಪಾಟಿ ಅರ್ಥವಾಗದಿದ್ದರೆ ನಾನೇ ಕಥೆ ಕಟ್ಟುತ್ತಿದ್ದೆ. ಅರ್ಥವಾದರೂ ಕಟ್ಟುತ್ತಿದ್ದೆ, ಏಕೆಂದರೆ ನನ್ನ ಕಥೆ ಮೂಲದ್ದಕ್ಕಿಂತ ಚೆನ್ನಾಗಿರುತ್ತದೆಂದು ನನಗೆ ಗಟ್ಟಿಯಾಗಿ ಅನ್ನಿಸಿತ್ತು. ಒಮ್ಮೆ ಒಬ್ಬ ದೊರೆಸಾನಿ ಕೆನ್ನೆಗೆ ಕೈಯಿಟ್ಟು ಕುಳಿತಿದ್ದಳು, ಪಾಟಿ ಉದ್ದವಾಗಿತ್ತು. "ಬಾಯಿಯವರಿಗೆ ಹಲ್ಲುನೋವು" ಎಂದುಬಿಟ್ಟೆ. ಮರುಗಳಿಗೆಯಲ್ಲಿ ಶವಪೆಟ್ಟಿಗೆ ಬಂತು. ಹಿಂಜರಿಯುವುದು ನನ್ನ ಜಾಯಮಾನವಲ್ಲ. ಆ ಮನೆಯ ಯಜಮಾನ ಹಲ್ಲುನೋವಿನಿಂದಲೇ ತೀರಿಕೊಂಡನೆಂದೂ, ಆ ರೋಗ ಹೆಂಡತಿಗೂ ಅಂಟಿತೆಂದೂ ಹೇಳಿ ಕಥೆಯನ್ನು ದಡ ಮುಟ್ಟಿಸಿದೆ. ಜನ ಚಪ್ಪಾಳೆ ತಟ್ಟಿದರು. ಮರುದಿನ ಬೇವಿನಕಡ್ಡಿ ಹಿಡಿದವರು ಹೆಚ್ಚು ಕಂಡರು ಎಂದು ಈಗಲೂ ನನ್ನ ನಂಬಿಕೆ.

ಹೀಗೆ ಮೆರೆಯುತ್ತಿದ್ದಾಗ ಹೋಟಗಿ ಸ್ಟೇಷನ್ನಿನ ರೂಬೇನ ಮಾಸ್ತರರು ತಂಬುವಿಗೆ ಬಂದರು. ತೆಳ್ಳಗಿನ ಮನುಷ್ಯ, ರೈಲ್ವೆಯ ಕರಿ ಕೋಟು, ತಗ್ಗಿದ ಧ್ವನಿ. ಅವರದು ಯಹೂದಿ ಜನ. ಸೋಲಾಪುರ, ಹೋಟಗಿ, ಅಕ್ಕಲಕೋಟೆ ಎಲ್ಲ ಸೇರಿ ಎಂಟು ಮನೆಗಳಿದ್ದವು, ಮನೆಮಾತು ಮರಾಠಿ. ಅವರನ್ನು ಕೆಲವರು ಪಾರ್ಸಿಗಳೆಂದೂ ಕೆಲವರು ಕಿರಿಸ್ತಾನರೆಂದೂ ತಿಳಿದಿದ್ದರು. ನಾನು ಏನೂ ತಿಳಿದಿರಲಿಲ್ಲ. ಮುಂಬೈಯಲ್ಲಿದ್ದ ಮಾಸ್ತರರ ನೆಂಟರೊಬ್ಬರ ಕೈಗೆ ವಿಲಾಯತಿ ಚಿತ್ರವೊಂದು ಸಿಕ್ಕಿತ್ತು. ಅವರ ಜನರ ಹಳೆಯ ಕಥೆ. ಹೋಳಿಯ ಹೊತ್ತಿಗೆ ಬರುವ ಅವರ ಹಬ್ಬವೊಂದರಲ್ಲಿ ಓದುವಂಥದ್ದು. ಎಂಟು ಮನೆಯವರಿಂದ ತಂಬು ತುಂಬುವುದಿಲ್ಲ. ಹೀಗಾಗಿ ಊರವರೂ ನೋಡಲಿ, ತಾವೂ ನೋಡುತ್ತೇವೆ ಎಂದು ಮಾಲೀಕನನ್ನು ಒಪ್ಪಿಸಿದ್ದರು.

"ಕಥಿ ಮದಲ ಒಂದಿಷ್ಟ ಹೇಳಲೇನ್ರಿ?" ಎಂದು ನನ್ನನ್ನು ಕೇಳಿದರು.

"ಬ್ಯಾಡ್ರಿ ಮಾಸ್ತರ, ಪಾಟಿ ನೋಡಿದರ ನನಗ ತಿಳೀತೈತಿ" ಎಂದೆ.

ಭಾನುವಾರ ತಂಬು ಕಿಕ್ಕಿರಿದಿತ್ತು. ಮುಂದಿನ ಎರಡು ಬೆಂಚುಗಳಲ್ಲಿ ಮಾಸ್ತರರ ಜನ ಹೊಸ ಬಟ್ಟೆ ತೊಟ್ಟು, ಮದುವೆಗೆ ಬಂದವರಂತೆ ಕುಳಿತಿದ್ದರು. ಚಿತ್ರ ಶುರುವಾಯಿತು. ಒಬ್ಬ ರಾಣಿ. ಅವಳನ್ನು ನೋಡಲು ದಿನಾಲೂ ಅರಮನೆಯ ಬಾಗಿಲಿಗೆ ಬಂದು ಕೂಡುವ ಒಬ್ಬ ಮನುಷ್ಯ. ನಾನು ಅವನನ್ನು ರಾಣಿಯ ಹಳೆಯ ಪ್ರಿಯಕರ ಮಾಡಿದೆ. ತಂಬು ಸಿಳ್ಳೆ ಹೊಡೆಯಿತು. ಮಂತ್ರಿಗೆ ನನ್ನ ಸೋದರಮಾವನ ಹಾಗೆ ದಪ್ಪ ಮೀಸೆಯಿತ್ತು. ಅವನನ್ನು ಧರ್ಮಾತ್ಮ ಮಾಡಿದೆ. ಕೊನೆಗೆ ಆ ಮಂತ್ರಿಯನ್ನೇ ಗಲ್ಲಿಗೆ ಹಾಕಿದರು! ನನಗೇ ದಿಗಿಲಾಯಿತು. "ಅಯ್ಯೋ ವಿಧಿಯೇ! ಒಳ್ಳೆಯವರಿಗೆ ಈ ಲೋಕದಲ್ಲಿ ಜಾಗವೆಲ್ಲಿ?" ಎಂದು ಕೂಗಿದೆ. ಹಿಂದೆ ಕುಳಿತ ನೇಕಾರನೊಬ್ಬ ಗಳಗಳ ಅತ್ತ. ಮುಂದಿನ ಎರಡು ಬೆಂಚುಗಳಿಂದ ಮಾತ್ರ ಒಂದು ಉಸಿರೂ ಕೇಳಲಿಲ್ಲ.

ಎಲ್ಲರೂ ಹೋದ ಮೇಲೆ ಮಾಸ್ತರರು ಬಳಿಗೆ ಬಂದು ಕೈಮುಗಿದರು.

"ಭಾಳ ಚಂದ ಹೇಳಿದ್ರಿ. ಆದರ ಅದು ಯಾವ ಚಿತ್ರದ್ದರಿ?"

ಈ ನಲವತ್ತು ವರ್ಷಗಳಲ್ಲಿ ನನ್ನನ್ನು ಬಹಳ ಜನ ಬೈದಿದ್ದಾರೆ. ಯಾರ ಬೈಗುಳವೂ ಇಷ್ಟು ಆಳಕ್ಕೆ ಇಳಿದಿಲ್ಲ. ನಾನು ಏನೋ ತೊದಲಿದೆ. ಅವರು ಕೇಳಿಸಿಕೊಳ್ಳಲಿಲ್ಲ.

"ಮುಂದಿನ ಐತವಾರ ಚಿತ್ರ ಅಕ್ಕಲಕೋಟಿಗೆ ಹೊಕ್ಕೇತಿ. ಅಲ್ಲಿ ದವಾಖಾನ್ಯಾಗ ನಮ್ಮ ತಂಗಿ ನರ್ಸ ಅದಾಳ. ನಮ್ಮನ್ನ ಹಡದ ಆಯಿನೂ ಆಕಿ ಹಂತೇಲೇ ಇರತಾಳ. ಆಯಿಗೆ ಈ ಚಿತ್ರ ತೋರಸಬೇಕಂತ ಇಷ್ಟೆಲ್ಲಾ ಮಾಡೀನಿ. ಆಕಿಗೆ ಎರಡೂ ಕಣ್ಣ ಇಲ್ಲ."

"ಕಣ್ಣ ಇಲ್ಲದವರಿಗೆ ಸಿನೆಮಾ ಹೆಂಗ ತೋರಸ್ತೀರಿ ಮಾಸ್ತರ?" ಎಂದೆ. ನನ್ನ ಬುದ್ಧಿಯ ಮಟ್ಟ ನಿಮಗೆ ಇಷ್ಟರಲ್ಲೇ ತಿಳಿದಿರಬೇಕು.

"ನೀವ ಅದೀರಲ್ಲರಿ" ಎಂದರು ಅವರು.

ಕಥೆ ಸರಿಯಾಗಿ ಕೇಳಿ ತಿಳಿದುಕೊಳ್ಳಲು ನಾನು ಹೋಟಗಿಗೆ ಹೋದೆ. ಹೋದದ್ದು ಶನಿವಾರ. ಬಿಸಿಲಲ್ಲಿ ಬಂದವನು ಕುಳಿತ ಕೂಡಲೇ ಸಲಿಗೆಯಿಂದ, "ವೈನೀ, ಒಂದ ಕಪ್ಪ ಚಹಾ ಆದರ ಗಂಟಲ ತೆರೀತೈತಿ ನೋಡ್ರಿ" ಎಂದೆ. ಮಾಸ್ತರರ ಹೆಂಡತಿ ಗಂಡನ ಮುಖ ನೋಡಿದರು. ಒಲೆ ತಣ್ಣಗಿತ್ತು. ಆಮೇಲೆ ನೆರೆಮನೆಯಿಂದ ಚಹಾ ಬಂತು. ನಾನು ಮತ್ತೊಂದು ಕಪ್ಪನ್ನೂ ಕೇಳಿದೆ. ಅದೂ ನೆರೆಮನೆಯಿಂದಲೇ ಬಂದಾಗ ಅನುಮಾನವಾಯಿತು.

ಮಾಸ್ತರರು ನಕ್ಕರು. "ಶನಿವಾರ ನಾವು ಒಲಿ ಹಚ್ಚಂಗಿಲ್ರಿ. ನಮ್ಮ ಹಿರ್ಯಾರು ಕೊಂಕಣದಾಗ ಗಾಣದ ಕೆಲಸ ಮಾಡತಿದ್ರು. ಶನಿವಾರ ಗಾಣ ನಿಲ್ಲಸತಿದ್ರು. ಅದಕ್ಕ ಅಲ್ಲಿ ಮಂದಿ ನಮಗ ಶನಿವಾರದ ಗಾಣಿಗರು ಅಂತಿದ್ರು. ಇಲ್ಲಿ ಆ ಹೆಸರೂ ಇಲ್ಲ. ಯಾರರೆ ಕಿರಿಸ್ತಾನರೇನ್ರಿ ಅಂತ ಕೇಳಿದರ ಹೂಂ ಅಂತೀವಿ. ಎಷ್ಟ ಸಲ ಬಿಡಿಸಿ ಹೇಳೂದು?"

ಆಮೇಲೆ ಅವರು ಕಥೆ ಹೇಳಿದರು. ರಾಣಿ ಅವರ ಜನದವಳು, ಅದು ರಾಜನಿಗೆ ಗೊತ್ತಿಲ್ಲ. ಬಾಗಿಲಲ್ಲಿ ಕೂಡುವವನು ಪ್ರಿಯಕರನಲ್ಲ, ತಾಯಿತಂದೆ ಇಲ್ಲದ ಅವಳನ್ನು ಸಾಕಿದ ಅಣ್ಣ. ಮಂತ್ರಿ ಆ ಜನರನ್ನೆಲ್ಲ ಒಂದೇ ದಿನ ಕೊಲ್ಲಿಸಲು ರಾಜಮುದ್ರೆ ಒತ್ತಿಸಿದವನು. ಕರೆಯದೆ ಎದುರು ಬಂದವರ ತಲೆ ಹಾರಿಸುವ ರಾಜನ ಮುಂದೆ ರಾಣಿ ಕರೆಯದೆ ಹೋಗಿ ನಿಲ್ಲುತ್ತಾಳೆ. ಆಮೇಲೆ ಅವನನ್ನು ಊಟಕ್ಕೆ ಕರೆದು, ತಾನು ಯಾರೆಂದು ಬಾಯಿಬಿಟ್ಟು ಹೇಳುತ್ತಾಳೆ. ಇಂಥ ಕಥೆಯನ್ನು ನಾನು ಏನು ಮಾಡಿಟ್ಟಿದ್ದೆ! ದಪ್ಪ ಮೀಸೆಗಳ ಬಗ್ಗೆ ನನಗಿದ್ದ ಗೌರವ ಅಂದೇ ಹೋಯಿತು.

ಎಲ್ಲವನ್ನೂ ಬರೆದುಕೊಂಡೆ. ರಾಣಿ ಆಡುವ ಆ ಮಾತನ್ನು ಮಾತ್ರ ಬರೆದುಕೊಳ್ಳಲಿಲ್ಲ. ಅದಕ್ಕೆ ಪಾಟಿ ಇದ್ದೇ ಇದೆಯಲ್ಲ, ನೋಡಿ ಓದಿದರಾಯಿತು ಎಂದುಕೊಂಡೆ. ಬುದ್ಧಿ ಬಂದದ್ದು ಹೌದು, ಪೂರಾ ಬಂದಿರಲಿಲ್ಲ.

ಅಕ್ಕಲಕೋಟೆಯಲ್ಲಿ ತಂಬು ಇರಲಿಲ್ಲ. ಶೇಂಗಾ ತುಂಬುವ ಗೋದಾಮೊಂದು ಖಾಲಿಯಿತ್ತು. ಕಿಟಕಿಗಳಿಗೆಲ್ಲ ಗೋಣಿ ಬಡಿದು ಹಾಡಹಗಲೇ ಕತ್ತಲೆ ಮಾಡಿದ್ದರು. ಊರಿನ ಹೆಂಗಸರೆಲ್ಲ ನೆರೆದಿದ್ದರು. ಅರ್ಧ ಊರಿನ ಮಕ್ಕಳು ನರ್ಸಬಾಯಿಯ ಕೈಯಲ್ಲೇ ಹುಟ್ಟಿದ್ದವು. ನರ್ಸಬಾಯಿ ಮಂದಿಯ ಸಿನೆಮಾ ಎಂದರೆ ಯಾರು ತಾನೆ ಮನೆಯಲ್ಲಿ ಕೂತಾರು? ಹೆಂಗಸರ ಸಾಲಿನ ಮುಂದೆ, ನನ್ನಿಂದ ಎರಡು ಮೊಳ ದೂರದಲ್ಲಿ, ಕುರ್ಚಿಯ ಮೇಲೆ ಆಯಿ ಕುಳಿತಿದ್ದರು. ಒಂಬತ್ತು ಮೊಳದ ಸೀರೆ, ಹಣೆ ಬರಿದು, ಮುಖ ಪರದೆಯ ಕಡೆಗಲ್ಲ, ನನ್ನ ಕಡೆಗೆ.

ಅಂದು ನಾನು ಒಂದು ಮಾತೂ ಸೇರಿಸದೆ ಹೇಳಿದೆ. ಅದು ಎಷ್ಟು ಕಷ್ಟದ ಕೆಲಸವೆಂದು ಸುಳ್ಳು ಹೇಳಿ ಅಭ್ಯಾಸವಿದ್ದವರಿಗೇ ಗೊತ್ತು. ರಾಣಿಯ ಕೈಬಳೆ, ಮೆಟ್ಟಿಲು, ಅಣ್ಣ ಹರಿದುಕೊಂಡ ಅಂಗಿ, ಕಂಡದ್ದನ್ನೆಲ್ಲ ಹೇಳಿದೆ. ಆಯಿ ತಲೆಯಾಡಿಸುತ್ತಿದ್ದರು. ಊಟದ ದೃಶ್ಯ ಬಂತು. "ನಿನಗೇನು ಬೇಕು ಕೇಳು" ಎಂದ ರಾಜ. ರಾಣಿ ಎದ್ದಳು, ಬಾಯಿ ತೆರೆದಳು. ಫಟ್ಟೆಂದು ಫಿಲ್ಮು ಹರಿಯಿತು. ಯಂತ್ರದವನು ದೀಪ ಆರಿಸಿದ.

"ಯಾರೂ ಕಡ್ಡಿ ಕೊರೀಬ್ಯಾಡ್ರೀ! ಫಿಲ್ಮಿಗೆ ಬೆಂಕಿ ಹತ್ತೀತು!" ಎಂದು ಅವನು ಕೂಗಿದ. ಕತ್ತಲೆ, ಗದ್ದಲ, ಸಿಳ್ಳೆ, ಮಕ್ಕಳ ಅಳು. ಅಂಟಿನ ವಾಸನೆ ಮೆಲ್ಲಗೆ ಎಲ್ಲೆಡೆ ಹರಡಿತು.

"ಮಂದಿ ಯಾಕ ಒದರಾಕತ್ತಾರ?" ಎಂದು ಆಯಿ ಮಗಳನ್ನು ಕೇಳಿದ್ದು ನನಗೆ ಕೇಳಿಸಿತು. ಇಪ್ಪತ್ತು ವರ್ಷ ಅಕ್ಕಲಕೋಟೆಯಲ್ಲಿದ್ದ ಅವರಿಗೆ ನಮ್ಮ ಮಾತು ಚೆನ್ನಾಗಿ ಬರುತ್ತಿತ್ತು.

"ಚಿತ್ರ ಹರದೈತಿ ಆಯಿ. ಕತ್ತಲ ಆಗೇತಿ."

"ಆಗಲಿ. ಹೇಳಾಂವ ಅದಾನಲ್ಲ. ಏನಪಾ, ಏನಂದ್ಲು ರಾಣಿ?"

ನಾನು ಬಾಯಿ ತೆರೆದೆ. ನನ್ನ ಹಳೆಯ ಸರಕೆಲ್ಲ ನಾಲಿಗೆಯ ತುದಿಯಲ್ಲಿತ್ತು. ಅಯ್ಯೋ ವಿಧಿಯೇ ಎಂದು ಶುರುಮಾಡಿದ್ದರೆ ಅರ್ಧ ಗಂಟೆ ನಡೆಸುತ್ತಿದ್ದೆ. ಆದರೆ ಆ ಮುಖ ಕತ್ತಲೆಯಲ್ಲೂ ನನ್ನ ಕಡೆಗೇ ತಿರುಗಿರುತ್ತದೆಂದು ನನಗೆ ಗೊತ್ತಿತ್ತು. ಆ ಒಂದು ಮಾತಿಗೆ ಕಾದು ಕುಳಿತವರಿಗೆ ನನ್ನ ಹಲ್ಲುನೋವಿನ ಕಥೆ ಕೊಡಲು ಮನಸ್ಸು ಬರಲಿಲ್ಲ. ತಡವರಿಸುತ್ತ ಹೋಗಿ ಕುರ್ಚಿಯ ಬಳಿ ಕುಕ್ಕರಿಸಿದೆ.

"ಆಯಿ, ಆ ಮಾತ ನನಗ ಗೊತ್ತಿಲ್ರಿ" ಎಂದೆ. ಆ ಕೆಲಸದಲ್ಲಿ ನಾನು ಹಾಗೆ ಅಂದದ್ದು ಅದೇ ಮೊದಲು.

"ಗೊತ್ತಿಲ್ಲೇನು? ಹಂಗಾರ ನಾ ಹೇಳತೀನಿ, ನೀ ಒದರು."

ಅವರು ಒಂದೊಂದೇ ಮಾತು ಹೇಳಿದರು. ನಾನು ಎದ್ದು ನಿಂತು ಒಂದೊಂದನ್ನೇ ಕೂಗಿದೆ.

"ರಾಜಾ, ನೀ ಯಾರನ್ನ ಕೊಲ್ಲಾಕ ಹೇಳಿದಿಯೋ ಆ ಮಂದ್ಯಾಗ ನಾನೂ ಒಬ್ಬಾಕಿ ಅದೀನಿ. ಇಷ್ಟ ದಿನಾ ನಾ ಹೇಳಿರಲಿಲ್ಲ. ಅಂಜಿಕಿ ಇತ್ತು. ಈಗೂ ಅಂಜಿಕಿ ಐತಿ. ಆದರೂ ಹೇಳತೀನಿ. ಅವರ ಜೀವಾ ಹೋದರ ನನ್ನದೂ ಹೋಗಲಿ. ನಾ ಅವರಾಕಿ."

ಎರಡನೆಯ ಮಾತಿಗೆ ಸಿಳ್ಳೆ ನಿಂತಿತು. ಮೂರನೆಯದಕ್ಕೆ ಮಕ್ಕಳೂ ಸುಮ್ಮನಾದವು. ಕೊನೆಯದು ಮುಗಿದ ಮೇಲೆ ಗೋದಾಮಿನಲ್ಲಿ ಯಂತ್ರದವನು ಕತ್ತರಿ ಆಡಿಸುವ ಸದ್ದು ಮಾತ್ರ ಇತ್ತು. ಮತ್ತೆ ದೀಪ ಹತ್ತಿದಾಗ ರಾಜ ಸಿಟ್ಟಿನಿಂದ ಎದ್ದು ಹೋಗುತ್ತಿದ್ದ. ರಾಣಿಯ ಮಾತಿನ ಪಾಟಿ ಹರಿದ ಚೂರಿನೊಂದಿಗೆ ಹೋಗಿಬಿಟ್ಟಿತ್ತು.

ಚಿತ್ರ ಮುಗಿದ ಮೇಲೆ ಹೆಂಗಸರು ನರ್ಸಬಾಯಿಯನ್ನು ಮುತ್ತಿದರು. "ಹಂಗಾರ ನೀವು ಆ ರಾಣಿ ಮಂದೀನಽ ಏನ್ರಿ ಬಾಯಾರ?" ಎಂದು ಒಬ್ಬಳು ಕೇಳಿದಳು. ನರ್ಸಬಾಯಿ ಒಂದು ಗಳಿಗೆ ಅಣ್ಣನ ಕಡೆ ನೋಡಿ, "ಹೌದ್ರಿ, ನಾವು ಅವರ ಮಂದಿ" ಎಂದರು. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಆಯಿ ನನ್ನನ್ನು ಹತ್ತಿರ ಕರೆದು ಮುಖ, ಭುಜವನ್ನೆಲ್ಲ ಸವರಿ ನೋಡಿ, "ಎಷ್ಟ ಸಣ್ಣಾಂವ ಅದಿಯೋ! ದನಿ ಕೇಳಿ ಪೈಲ್ವಾನ ಅಂದಿದ್ದೆ" ಎಂದರು.

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯವನಾಗಿ ಉಳಿಯುತ್ತೇನೆ. ಆದರೆ ಮುಂದಿನದನ್ನೂ ಹೇಳಬೇಕು. ಹೊರಗೆ ಗಂಡಸರು ನನ್ನ ಬೆನ್ನು ಚಪ್ಪರಿಸಿದರು. "ಕತ್ತಲದಾಗ ಏನ ಮಾತ ಆಡಿದ್ರಿ! ಪುಸ್ತಕ ಇಲ್ಲ, ಪಾಟಿ ಇಲ್ಲ!" ಎಂದರು. ದೂರ ಕುಳಿತವರಿಗೆ ಆಯಿಯ ಸಣ್ಣ ಧ್ವನಿ ಮುಟ್ಟಿರಲಿಲ್ಲ. ನಾನು ತಲೆ ತಗ್ಗಿಸಿ, "ಏನೋ, ದೇವರು ನುಡಿಸಿದ" ಎಂದೆ. ಆ ಗುಂಪಿನಲ್ಲಿದ್ದ ಶೇಂಗಾ ವ್ಯಾಪಾರಿಯೊಬ್ಬರು ತಿಂಗಳೊಳಗೆ ನಮ್ಮ ಮನೆಗೆ ಬಂದು, ಅಷ್ಟು ಬುದ್ಧಿವಂತ ವರನಿಗೆ ಮಗಳನ್ನು ಕೊಡುತ್ತೇವೆ ಎಂದರು. ಮದುವೆಗೆ ರೂಬೇನ ಮಾಸ್ತರರೂ ಬಂದಿದ್ದರು. ನಮ್ಮಪ್ಪ ಅವರೆದುರೇ ಆ ಭಾಷಣವನ್ನು ಹೊಗಳಿದರು. ಮಾಸ್ತರರು ನನ್ನ ಮುಖ ನೋಡಿದರು. "ಹೌದ್ರಿ, ಗಂಟಲ ಭಾಳ ಚಲೋ ಐತಿ" ಎಂದರು, ಅಷ್ಟೇ.

ಒಂದೆರಡು ವರ್ಷಗಳಲ್ಲಿ ಚಿತ್ರದವರು ತಾವೇ ಮಾತಾಡಲು ಕಲಿತರು. ನಾನು ಅಪ್ಪನ ಅರಿವೆ ಅಂಗಡಿಯಲ್ಲಿ ಕುಳಿತೆ. ಆಯಿ ಅಷ್ಟರಲ್ಲಿ ತೀರಿಕೊಂಡಿದ್ದರು. ಮಾಸ್ತರರಿಗೆ ಬೇರೆ ಸ್ಟೇಷನ್ನಿಗೆ ಬದಲಿಯಾಯಿತು. ಅವರ ಮಕ್ಕಳು ಸಮುದ್ರ ದಾಟಿ ತಮ್ಮ ಜನರ ದೇಶಕ್ಕೆ ಹೋದರೆಂದು ಬಹಳ ವರ್ಷಗಳ ಮೇಲೆ ಕೇಳಿದೆ. ನಿಜ ಗೊತ್ತಿದ್ದವರೆಲ್ಲ ದೂರವಾದರು. ನಾನು ಮನೆಯಲ್ಲಿ ಬುದ್ಧಿವಂತನಾಗಿಯೇ ಉಳಿದೆ.

ಮೊನ್ನೆ ಆ ವಾಸನೆ ಬಂದ ಮೇಲೆ ಸಂಜೆಯವರೆಗೂ ಮನಸ್ಸು ನೆಟ್ಟಗಾಗಲಿಲ್ಲ. ಹೆಂಡತಿ ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. ಎದುರು ಕುಳಿತು ಎಲ್ಲವನ್ನೂ ಹೇಳಿಬಿಟ್ಟೆ. ಆ ಮಾತು ನನ್ನದಲ್ಲ, ಆಯಿಯದು. ನಿಮ್ಮಪ್ಪ ಮೋಸಹೋದರು ಎಂದೆ.

ಅವಳು ಮೊರದಿಂದ ತಲೆ ಎತ್ತಲಿಲ್ಲ. "ನನಗ ಗೊತ್ತೈತಿ."

"ಗೊತ್ತೈತಿ? ಹೆಂಗ?"

"ಅವತ್ತ ನಾ ಆ ಆಯಿ ಹಿಂದಽ ಕುಂತಿದ್ನಿ. ಆಕಿ ಹೇಳೂದೂ ಕೇಳಿಸ್ತು, ನೀವು ಒದರೂದೂ ಕೇಳಿಸ್ತು. ಗೊತ್ತಿಲ್ರಿ ಅಂದಿದ್ದೂ ಕೇಳಿಸ್ತು."

"ಮತ್ತ ನಿಮ್ಮಪ್ಪ ಕೇಳಿದಾಗ ಹೂಂ ಯಾಕ ಅಂದಿ?"

"ಒಬ್ಬರು ಹೇಳಿದ್ದನ್ನ ಏನೂ ಕೂಡಸದಽ ಹೇಳೂ ಗಂಡಸನ್ನ ಅವತ್ತಽ ಮದಲ ನೋಡಿದ್ನಿ. ಅದಕ್ಕ ಹೂಂ ಅಂದೆ" ಎಂದಳು. ಒಂದು ಕಲ್ಲನ್ನು ತೆಗೆದು ಅಂಗಳಕ್ಕೆ ಎಸೆದಳು. "ಲಗ್ನಾದ ಮ್ಯಾಲ ಮತ್ತ ಎಂದೂ ನೋಡಲಿಲ್ಲ, ಆ ಮಾತ ಬ್ಯಾರೆ."

ಇದನ್ನು ಬರೆದು ಮುಗಿಸಿ, ನಿಮಗೆ ತೋರಿಸುವ ಮೊದಲು ಅವಳಿಗೆ ಓದಿ ಹೇಳಿದೆ. ಮೂರು ಕಡೆ ತಡೆದು, "ಹಂಗ ಆಗಿರಲಿಲ್ಲ" ಎಂದಳು. ಮೂರನ್ನೂ ಹೊಡೆದು ಹಾಕಿದೆ. ಮೂರೂ ಬಹಳ ಚೆನ್ನಾಗಿದ್ದವು.